ಕೊನೆಯ ಪುಟವನ್ನು ಮೊದಲೇ ಹೇಳುವ ನಾಲಿಗೆಯವರಿಗೆ

ಗೆ,
ಮಾನ್ಯ ನಾಲಿಗೆಯವರು,
ಉಳಿದಿರುವ ಹಲ್ಲುಗಳ ಹಿಂಬದಿ, ವೃಷಭನ ಬಾಯಿ,
ನೆಹರು ನಗರ, ಬೆಳಗಾವಿ.

ಮಾನ್ಯರೇ,

ಹುಟ್ಟಿದಂದಿನಿಂದ ಒಂದೇ ಕಚೇರಿಯಲ್ಲಿ, ವರ್ಗಾವಣೆ ಬೇಡದೆ, ಬಡ್ತಿ ಬಯಸದೆ, ಎಲುಬಿಲ್ಲದಿದ್ದರೂ ದಣಿವಿಲ್ಲದೆ ಸೇವೆ ಸಲ್ಲಿಸುತ್ತ ಬಂದಿರುವ ತಮಗೆ, ಹೆಸರಿಗೆ ಮಾಲೀಕನೂ ವಾಸ್ತವದಲ್ಲಿ ಜವಾನನೂ ಆದ ವೃಷಭ ಎಂಬ ನಾನು ತಲೆಬಾಗಿ ವಂದಿಸಿ, ಊರಿನ ಸಮಸ್ತ ಓದುಗರ ಎದುರಿನಲ್ಲಿ ಈ ಅಹವಾಲನ್ನು ಅರ್ಪಿಸುತ್ತಿದ್ದೇನೆ. ಖಾಸಗಿಯಾಗಿ ಹೇಳಿಕೊಳ್ಳೋಣವೆಂದರೆ ಅದಕ್ಕೂ ತಮ್ಮನ್ನೇ ಬಳಸಬೇಕಾಗುತ್ತದೆ, ಆದ್ದರಿಂದ ಬರೆಯುವುದೊಂದೇ ದಾರಿ ಉಳಿಯಿತು.

ನಾನು ಮೆಚ್ಚಿದ ಪುಸ್ತಕವನ್ನು ಇನ್ನೊಬ್ಬರು ಓದಬೇಕು, ಓದಿದ ಮೇಲೆ ನನ್ನ ಎದುರು ಕುಳಿತು ಅದರ ಬಗ್ಗೆ ಮಾತಾಡಬೇಕು ಎಂಬುದೊಂದೇ ನನ್ನ ಆಸೆ ಎಂಬುದು ತಮಗೆ ತಿಳಿಯದ್ದೇನಲ್ಲ. ದೊಡ್ಡಾಸ್ಪತ್ರೆಯ ಹತ್ತಿರದ ನನ್ನ ಔಷಧ ಅಂಗಡಿಗೆ ಕೆಮ್ಮಿಗೆ ಏನಾದರೂ ಕೊಡಿ ಎಂದು ಬಂದವರಿಗೆ ತಾವು ಔಷಧದ ಜೊತೆಗೆ ಒಂದು ಕಾದಂಬರಿಯನ್ನೂ ಶಿಫಾರಸು ಮಾಡುತ್ತೀರಿ. ಅಷ್ಟಕ್ಕೇ ನಿಲ್ಲಿಸಿದ್ದರೆ, ತಮಗೆ ಪಾದಗಳಿದ್ದಿದ್ದರೆ, ತೊಳೆದು ಪೂಜೆ ಮಾಡುತ್ತಿದ್ದೆ. ಆದರೆ ಮೊದಲ ಪುಟದಿಂದ ಹಿಡಿದು, ನಾಯಕಿಯ ಮದುವೆ ಮಾಡಿಸಿ, ಖಳನನ್ನು ಕೊಂದು, ಮುನ್ನುಡಿ ಬರೆದವರ ಅಭಿಪ್ರಾಯವನ್ನೂ ಒಪ್ಪಿಸಿದ ಮೇಲೆಯೇ ಗಿರಾಕಿಗೆ ತಮ್ಮಿಂದ ಬಿಡುಗಡೆ. ಕೆಮ್ಮುತ್ತ ಬಂದವರು ಆಕಳಿಸುತ್ತ ಹೋಗುತ್ತಾರೆ, ಆ ಮಟ್ಟಿಗೆ ರೋಗ ಗುಣವಾಯಿತೆಂದೇ ಹೇಳಬೇಕು.

ಬೀಡಿ ಎಂಬ ಊರಿನ ಬೀರೇಶ, ಖಾನಾಪುರದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿರುವ ನನ್ನ ಹಳೆಯ ಗೆಳೆಯ, ಒಮ್ಮೆ ನನ್ನ ಜೊತೆ ಖಾನಾಪುರದಲ್ಲಿ ರೈಲು ಹತ್ತಿ, ತಾನಾಗಿಯೇ ಒಂದು ಒಳ್ಳೆಯ ಕಾದಂಬರಿ ಕೇಳಿದ. ಚೀಲದಲ್ಲಿತ್ತು, ಕೊಟ್ಟೆ. ದೇಸೂರು ದಾಟುವಷ್ಟರಲ್ಲಿ ತಾವು ಅಷ್ಟು ದಪ್ಪನೆಯ ಪುಸ್ತಕವನ್ನು ಹುಟ್ಟಿನಿಂದ ಚಟ್ಟದವರೆಗೆ ಮುಗಿಸಿಕೊಟ್ಟಿರಿ. ಬೆಳಗಾವಿಯಲ್ಲಿ ಇಳಿಯುವಾಗ ಅವನು ಅದನ್ನು ಮರಳಿ ನನ್ನ ಕೈಗಿಟ್ಟು, "ಪುಸ್ತಕ ನಿಮ್ಮ ಕಡೇನ ಇರ್ಲಿ ಅಣ್ಣಾರ, ನಂದು ಓದಿ ಮುಗೀತಲ್ಲ" ಎಂದ. ಈಗ ನನ್ನನ್ನು ಕಂಡರೆ ಬೇರೆ ಡಬ್ಬಿ ಹತ್ತುತ್ತಾನೆ.

ಹೊರಗಿನವರ ಮಾತು ಹೋಗಲಿ. ಕಳೆದುಹೋದ ತಂಗಿಯನ್ನು ಹುಡುಕುತ್ತ ಊರೂರು ಅಲೆಯುವ ಅಕ್ಕನ ಕಥೆಯೊಂದು ನನಗೆ ಪ್ರಾಣ. ಅದನ್ನು ನನ್ನ ಹೆಂಡತಿ ದೀಪಾಲಿ ಓದಬೇಕೆಂದು ಮದುವೆಯಾದ ಲಾಗಾಯ್ತಿನಿಂದ ಕಾದಿದ್ದೇನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಆಕೆ ಪ್ರತಿಸಲವೂ "ಓದತೇನ್ರೀ, ನೀವು ಒಂದ ನಾಕ ದಿನ ಸುಮ್ಮನಿದ್ರ" ಎನ್ನುತ್ತಾಳೆ. ತಾವು ಆ ಕಥೆ ಎತ್ತಿದೊಡನೆ ಆಕೆ ಮಿಕ್ಸರ್ ಹಚ್ಚುತ್ತಿದ್ದುದರಿಂದ, ಕೊನೆಯೊಂದು ಮಾತ್ರ ಪುಣ್ಯಕ್ಕೆ ಆಕೆಯ ಕಿವಿಗೆ ಬಿದ್ದಿರಲಿಲ್ಲ.

ಈ ಸಲದ ದಶಲಕ್ಷಣ ಪರ್ವದಲ್ಲಿ, ಬಸದಿಯಲ್ಲಿ ಎಲ್ಲರೂ ಹತ್ತು ದಿನದ ಮಟ್ಟಿಗೆ ಪ್ರಿಯವಾದದ್ದೊಂದನ್ನು ಬಿಡುವ ನಿಯಮ ತೆಗೆದುಕೊಳ್ಳುತ್ತಿದ್ದರು. ಒಬ್ಬರು ತುಪ್ಪ ಬಿಟ್ಟರು, ಇನ್ನೊಬ್ಬರು ಸಕ್ಕರೆ ಬಿಟ್ಟರು. ನಾನು ಕುಂದಾ ಬಿಡುತ್ತೇನೆಂದು ಎದ್ದು ನಿಲ್ಲುವಷ್ಟರಲ್ಲಿ ದೀಪಾಲಿ ಹೆಂಗಸರ ಸಾಲಿನಿಂದಲೇ, "ಕುಂದಾ ತಿನ್ರಿ, ಪುಸ್ತಕದ ಮಾತು ಬಿಡ್ರಿ" ಎಂದಳು. ಬಸದಿಗೆ ಬಸದಿಯೇ ನಕ್ಕಿತು. ಮರ್ಯಾದೆಗೆ ಅಂಜಿ ನಿಯಮ ತೆಗೆದುಕೊಂಡೆ.

ಆ ಅವಧಿಯ ತಮ್ಮ ಮೌನವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮಾಡಲು ಬೇರೆ ಕೆಲಸವಿಲ್ಲದೆ ನಾನು ಅಕ್ಕ-ತಂಗಿಯರ ಅದೇ ಕಾದಂಬರಿಯನ್ನು ಮತ್ತೆ ತೆರೆದು, ಒಬ್ಬನೇ ನಗುತ್ತ, ಒಬ್ಬನೇ ಕಣ್ಣೊರೆಸಿಕೊಳ್ಳುತ್ತ ಕುಳಿತೆ. ದೀಪಾಲಿ ಒಂದೆರಡು ದಿನ ನೋಡಿದಳು, ಆಮೇಲೆ "ಏನೈತ್ರೀ ಅಂಥಾದ್ದು ಅದ್ರಾಗ?" ಎಂದು ಕಸಿದುಕೊಂಡಳು. ಸಾರು ಸೀದರೂ ಕೆಳಗಿಡಲಿಲ್ಲ. ಪರ್ವ ಮುಗಿಯುವ ಹೊತ್ತಿಗೆ ಆಕೆಗೆ ಉಳಿದದ್ದು ಕೆಲವೇ ಹಾಳೆ. ಇನ್ನೇನು ಮುಗಿಸುತ್ತಾಳೆ, ಇಬ್ಬರೂ ಚಹಾ ಹಿಡಿದು ಕುಳಿತು ಮನಸಾರೆ ಮಾತಾಡುತ್ತೇವೆ ಎಂದು ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಮರುದಿನ ಕ್ಷಮಾವಾಣಿ, ವರ್ಷವಿಡೀ ಮಾಡಿದ ತಪ್ಪುಗಳಿಗೆ ಎಲ್ಲರೂ ಎಲ್ಲರಲ್ಲೂ ಕ್ಷಮೆ ಬೇಡುವ ದಿನ. ನನ್ನ ನಿಯಮವೂ ಮುಗಿದಿತ್ತು. ಕೈಮುಗಿದು ದೀಪಾಲಿಯ ಎದುರು ನಿಂತೆ. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸು ಎಂಬಲ್ಲಿಗೆ ತಾವು ನಿಲ್ಲಬಹುದಿತ್ತು. ಇಂಥ ದಿನ ಹೊಟ್ಟೆಯಲ್ಲಿ ಏನನ್ನೂ ಮುಚ್ಚಿಟ್ಟುಕೊಳ್ಳಬಾರದೆಂಬ ಧರ್ಮಬುದ್ಧಿ ತಮಗೆ ಆಗಲೇ ಹುಟ್ಟಬೇಕೆ! "ಹತ್ತು ದಿನಾ ನಿನ್ನ ಮುಂದ ಒಂದ ಮಾತು ಮುಚ್ಚಿಟ್ಟೀನಿ, ಅದನ್ನೂ ಕ್ಷಮಾ ಮಾಡು. ತಂಗಿ ಸಿಗತಾಳ, ಆದ್ರ ಅಕ್ಕನ ಗುರುತ ಇಲ್ಲ ಅಂತಾಳ" ಎಂದುಬಿಟ್ಟಿರಿ.

ದೀಪಾಲಿ ಮುಗಿದ ಕೈ ಇಳಿಸದೆಯೇ, "ಇವತ್ತಿನ ದಿನ ಇಂಥಾದ್ದೈತಿ, ಕ್ಷಮಾ ಮಾಡೀನಿ. ಆದ್ರ ಮುಂದಿನ ಪರ್ವದ ತನಕಾ ಈ ಪುಸ್ತಕದ ಸುದ್ದಿ ನಿಮ್ಮ ಕೂಡ ತೆಗಿಯಂಗಿಲ್ಲ" ಎಂದಳು. ಉಳಿದ ಹಾಳೆಗಳನ್ನು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಓದಿದಳು. ಹೊರಬಂದಾಗ ಆಕೆಯ ಕಣ್ಣು ಕೆಂಪಾಗಿತ್ತು, ಏನನ್ನಿಸಿತು ಎಂದು ಕೇಳುವ ಹಾಗಿಲ್ಲ. ಅಯ್ಯೋ, ನನ್ನ ಕರ್ಮ! ಜೀವಮಾನದಲ್ಲಿ ಒಬ್ಬಳು ಓದುಗಿತ್ತಿ ಸಿಕ್ಕಳು, ಅವಳಿಗೂ ನನ್ನೊಡನೆ ಮಾತಿಲ್ಲ.

ಆದ್ದರಿಂದ ತಾವು ದಯಮಾಡಿ ರುಚಿಯ ಖಾತೆಯನ್ನಷ್ಟೇ ಇಟ್ಟುಕೊಂಡು, ಮಾತಿನ ಖಾತೆಯನ್ನು ನನ್ನ ಎಡಗಿವಿಗೆ ವಹಿಸಿಕೊಡಬೇಕು. ಅದಾಗದಿದ್ದರೆ ಕೋಟೆಯ ಕಂದಕದ ಬಳಿ ಎಲ್ಲಾದರೂ ಬಿಡಾರ ಹೂಡಿ, ಊಟದ ಹೊತ್ತಿಗೆ ಮಾತ್ರ ನನ್ನ ಬಾಯಿಗೆ ಬಂದು ಹೋಗಬೇಕು. ಸಿಟಿ ಬಸ್ಸಿನ ಪಾಸು ನಾನೇ ಮಾಡಿಸಿಕೊಡುತ್ತೇನೆ. ಅದೂ ಅಸಾಧ್ಯವೆಂದಾದರೆ, "ಓದಿ, ಚೆನ್ನಾಗಿದೆ" ಎಂದಷ್ಟೇ ಹೇಳಿ ಹಲ್ಲಿನ ಹಿಂದೆ ಮಲಗಿಬಿಡುವುದನ್ನು ಅಭ್ಯಾಸ ಮಾಡಬೇಕೆಂದು ವಿನಂತಿ.

ತಮ್ಮನ್ನು ಎಷ್ಟು ಕಚ್ಚಿಕೊಂಡರೂ ಬುದ್ಧಿ ಬಾರದ,
ತಮ್ಮ ವಿಶ್ವಾಸಿ,
ವೃಷಭ

ವಿ.ಸೂ.: ಅಚ್ಚಿಗೆ ಕಳಿಸುವ ಮೊದಲು ಈ ಪತ್ರವನ್ನು ದೀಪಾಲಿಯ ಕೈಗೆ ಕೊಟ್ಟೆ. ಓದಿದಳು, ತಡೆಯಲಾರದೆ ತನ್ನ ಮಾತು ತಾನೇ ಮುರಿದು ಕೇಳಿದಳು: "ಗುರುತ ಇಲ್ಲ ಅಂದಾಕಿ, ಕೇಳದನ ಅಕ್ಕಗ ಉಪ್ಪಿಲ್ಲದ ಮಜ್ಜಿಗಿ ಹೆಂಗ ಕೊಟ್ಲ್ರೀ? ಅಕ್ಕ ಉಪ್ಪ ಹಾಕ್ಕೊಳ್ಳಂಗಿಲ್ಲಂತ ಆಕಿಗೆ ಹೇಳಿದವರ್ಯಾರು?" ಅಷ್ಟು ಸಲ ಓದಿದ್ದರೂ ನಾನು ಆ ಮಜ್ಜಿಗೆಯನ್ನು ಕಂಡಿರಲಿಲ್ಲ. ಮದುವೆಯಾದಾಗಿನಿಂದ ಕಾದಿದ್ದ ಮಾತು ಕೊನೆಗೂ ಮನೆಯೊಳಗೆ ಬಂದಿತ್ತು, ಉತ್ತರಕ್ಕಾಗಿ ಆಕೆ ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದಳು. ಮಾನ್ಯರೇ, ಆಗ ತಾವು ಎಲ್ಲಿಗೆ ಹೋಗಿದ್ದಿರಿ?