ಬೆಣ್ಣೆ ತಿನ್ನಿ, ತೂಕ ಇಳಿಸಿ

ಬೆಣ್ಣೆ ವಿಷಯದಲ್ಲಿ ನನ್ನ ಗ್ರಹಚಾರ ಯಾವತ್ತೂ ನೆಟ್ಟಗಿಲ್ಲ. ನಾನು ಬಾಣಲೆ ಒಲೆ ಮೇಲಿಟ್ಟರೆ ಸಾಕು, ಎಲ್ಲಿಂದಲೋ ಒಂದು ಫಜೀತಿ ಮೆಟ್ಟಿಲು ಹತ್ತಿಕೊಂಡು ಬರುತ್ತೆ.

ಇಪ್ಪತ್ತೆರಡು ವರ್ಷ ಒಂದು ದೊಡ್ಡ ಸ್ಟಾರ್ ಹೋಟೆಲಿನಲ್ಲಿ ಫ್ರೆಂಚ್ ಅಡುಗೆ ಮಾಡಿದವನು ನಾನು. ಮಂಡಿ ಕೈಕೊಟ್ಟಿತು, ಕೆಲಸ ಬಿಟ್ಟೆ. ವಿಜಯನಗರದಲ್ಲಿ ನಮ್ಮ ಮನೆ ಮೇಲೆ ಒಂದು ಶೀಟ್ ರೂಮಿದೆ. ಅಲ್ಲೇ ಅಡುಗೆ ಕ್ಲಾಸ್ ಶುರು ಮಾಡಿದೆ. ಮೊದಲ ತಿಂಗಳು ಬಂದವರು ಇಬ್ಬರೇ. ಒಬ್ಬರು ಗೋಬಿ ಮಂಚೂರಿ ಹೇಳಿಕೊಡ್ತೀರಾ ಅಂತ ಕೇಳಿದರು. ಇನ್ನೊಬ್ಬರು ಟಾಯ್ಲೆಟ್ ಎಲ್ಲಿದೆ ಅಂತ ಕೇಳಿದರು.

ಆಮೇಲೆ ಯೋಚನೆ ಮಾಡಿದೆ. ನಮ್ಮ ಏರಿಯಾದಲ್ಲಿ ಬೆಳಿಗ್ಗೆ ಆದರೆ ಎಲ್ಲರೂ ಪಾರ್ಕ್ ಸುತ್ತುತ್ತಾರೆ. ಯಾರಿಗೂ ಅಡುಗೆ ಕಲಿಯೋದು ಬೇಕಿಲ್ಲ, ಸಣ್ಣ ಆಗೋದು ಬೇಕು. ಸರಿ, ನಮ್ಮ ಹೋಟೆಲಿನ ಹೆಡ್ ಶೆಫ್ ಫ್ರಾನ್ಸಿನವನು. ದಿನಾ ಬೆಣ್ಣೆ, ಕ್ರೀಮು, ಚೀಸು ತಿಂದು ಕಡ್ಡಿ ಥರ ಇದ್ದ. ಸ್ವಲ್ಪ ತಿನ್ನು, ನಿಧಾನಕ್ಕೆ ತಿನ್ನು, ಇದೇ ಅವರ ಗುಟ್ಟು. ಅದೇ ಅಡುಗೆಮನೆ, ಅದೇ ಬೆಣ್ಣೆ. ಅವನು ಅರವತ್ತು ಕೆಜಿ, ನಾನು ತೊಂಬತ್ತೆಂಟು. ಈ ಎರಡನೇ ವಿಷಯ ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಬೋರ್ಡಿನ ಕೆಳಗೆ

‘ಬೆಣ್ಣೆ ತಿನ್ನಿ, ತೂಕ ಇಳಿಸಿ’ ಅಂತ ದೊಡ್ಡದಾಗಿ ಬೋರ್ಡ್ ಬರೆಸಿ ಗೇಟಿಗೆ ಹಾಕಿದೆ. ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಎರಡು ಸಲ ಓದಿದಳು.

“ರೀ, ಇದು ಮೋಸ ಅಲ್ವಾ?”

“ಮೋಸ ಯಾಕೇ ಆಗುತ್ತೆ? ಇಡೀ ಫ್ರಾನ್ಸ್ ದೇಶ ಹಿಂಗೇ ಬದುಕಿದೆ.”

“ಇಡೀ ಫ್ರಾನ್ಸ್ ಬೇಡ. ಯುಗಾದಿ ಒಳಗೆ ನಿಮ್ಮ ಕ್ಲಾಸಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಐದು ಕೆಜಿ ಇಳಿದು ತೋರಿಸಲಿ. ಇಲ್ಲಾಂದ್ರೆ ಬೋರ್ಡ್ ಕಿತ್ತಾಕಿ ನನ್ನ ತಮ್ಮನ ಹತ್ರ ಹೋಗಿ.”

ಅವಳ ತಮ್ಮ, ಅಂದರೆ ನನ್ನ ಬಾಮೈದ, ಮೂಡಲಪಾಳ್ಯದಲ್ಲಿ ಮದುವೆ ಕ್ಯಾಟರಿಂಗ್ ನಡೆಸುತ್ತಾನೆ. ಎರಡು ಸಾವಿರ ಎಲೆಗೆ ಸಾಂಬಾರ್ ನೋಡಿಕೊಳ್ಳೋಕೆ ಜನ ಬೇಕು ಅಂತ ಆರು ತಿಂಗಳಿಂದ ನನ್ನ ಹಿಂದೆ ಬಿದ್ದಿದ್ದ. ಸಾಂಬಾರ್ ಬಗ್ಗೆ ನನಗೇನೂ ಅಗೌರವ ಇಲ್ಲ. ಆದರೆ ಇವತ್ತು ‘ಭಾವ’ ಅನ್ನೋನು ನಾಳೆ ನಾಲ್ಕು ಜನರ ಎದುರಿಗೆ ‘ಏನಪ್ಪಾ, ಉಪ್ಪು ಹಾಕಿದ್ಯಾ?’ ಅಂತ ಕೇಳಿಬಿಟ್ಟರೆ ನಾನು ಆ ಕೊಪ್ಪರಿಗೆಗೇ ಹಾರಬೇಕಾಗುತ್ತೆ. ನಿಜವಾಗಿಯೂ ಭಯ ಆಯಿತು. ಆದರೂ ಬೋರ್ಡ್ ಉಳೀಬೇಕಲ್ಲ, ಒಪ್ಪಿಕೊಂಡೆ.

ಅವತ್ತು ಸಾಯಂಕಾಲವೇ ಒಬ್ಬರು ಸ್ಕೂಟರ್ ನಿಲ್ಲಿಸಿ ಬೋರ್ಡ್ ಓದಿದರು. ಆಮೇಲೆ ನನ್ನ ಹೊಟ್ಟೆ ನೋಡಿದರು. ಮತ್ತೆ ಬೋರ್ಡ್ ನೋಡಿದರು.

“ಮೇಷ್ಟ್ರು ಯಾರು ಸಾರ್?”

“ನಾನೇ.”

“ಓ. ನೀವು ಯಾವಾಗ ಸೇರ್ಕೋತಾ ಇದೀರಾ?”

ತೂಕದ ಮಿಷನ್

ಹೇಗೋ ಒಂಬತ್ತು ಜನ ಹೆಂಗಸರು ಸೇರಿದರು. ಗುರುವಾರ, ಶನಿವಾರ ಕ್ಲಾಸು. ಮೊದಲ ದಿನ ಎಲ್ಲರ ತೂಕ ಬರೆದುಕೊಳ್ಳೋಣ ಅಂತ ಒಂದು ಮಿಷನ್ ತಂದಿಟ್ಟೆ. ಅಬ್ಬಬ್ಬಾ, ನಲವತ್ತು ಜನ ಕೂತ ಬ್ಯಾಂಕ್ವೆಟ್ಟು ಸಂಭಾಳಿಸಬಹುದು, ಇದು ಬೇಡಪ್ಪ.

ಒಬ್ಬರು ರಾಹುಕಾಲ ಮುಗಿಯೋವರೆಗೂ ಹತ್ತೋದಿಲ್ಲ ಅಂದರು. ಒಬ್ಬರು ಒಂದು ಕಾಲು ಮಾತ್ರ ಇಟ್ಟು, “ಇಷ್ಟನ್ನ ಡಬಲ್ ಮಾಡ್ಕೊಳಿ” ಅಂದರು. ಬಿನ್ನಿಪೇಟೆಯಿಂದ ಬರುತ್ತಿದ್ದ ಆಂಟಿ ಬಳೆ ತೆಗೆದರು, ವಾಚು ತೆಗೆದರು, ಹೇರ್‌ಪಿನ್ ತೆಗೆದರು, ತಲೆಯಲ್ಲಿದ್ದ ಮಲ್ಲಿಗೆ ಹೂವೂ ತೆಗೆದಿಟ್ಟರು. ಎಂಬತ್ಮೂರು ತೋರಿಸಿತು.

“ಸಾರ್, ಮಾಂಗಲ್ಯದ ಸರ ತೆಗೆಯೋ ಹಾಗಿಲ್ಲ. ಅದನ್ನ ಕಳೆದು ಬರ್ಕೊಳಿ.”

“ಎಷ್ಟು ಕಳೀಬೇಕು ಅಮ್ಮಾ?”

ಆಂಟಿ ಕಣ್ಣು ಮಿಟುಕಿಸದೆ ಹೇಳಿದರು: “ಒಂದು ನಾಲ್ಕು ಕೆಜಿ.”

ಕಾಗೆಯ ತೀರ್ಪು

ಎರಡನೇ ವಾರ ಕೀಶ್ ಹೇಳಿಕೊಟ್ಟೆ. ಬೆಣ್ಣೆ ಹಾಕಿ ಕಲಸಿದ ಹಿಟ್ಟಿನ ಬಟ್ಟಲೊಳಗೆ ಮೊಟ್ಟೆ, ಕ್ರೀಮು, ಚೀಸು ಸುರಿದು ಬೇಯಿಸೋದು. ಅದರ ಜೊತೆಗೆ ಫ್ರೆಂಚರ ಮೊದಲ ಪಾಠ: ತಟ್ಟೆ ದೊಡ್ಡದು, ತಿಂಡಿ ಸಣ್ಣದು. ನಡುಮಧ್ಯದಲ್ಲಿ ಎರಡು ಬೆರಳಿನಷ್ಟು ಕೀಶು, ಪಕ್ಕದಲ್ಲಿ ಒಂದು ಎಲೆ, ಅಷ್ಟೇ. ಮನೆಗೆ ಹೋಗಿ ಇದೇ ರೀತಿ ಬಡಿಸಿ ಬನ್ನಿ ಅಂತ ಹೋಂವರ್ಕ್ ಕೊಟ್ಟೆ.

ಮುಂದಿನ ಕ್ಲಾಸಿಗೆ ಬಿನ್ನಿಪೇಟೆ ಆಂಟಿ ಮುಖ ಊದಿಸಿಕೊಂಡು ಬಂದರು.

“ಏನಾಯ್ತಮ್ಮಾ?”

“ಅಷ್ಟಗಲ ತಟ್ಟೇಲಿ ಚೂರೇ ಚೂರು ಇಟ್ಟಿದ್ನಲ್ಲ ಸಾರ್, ನಮ್ಮತ್ತೆ ಅದು ನಮ್ಮಾವನಿಗೆ ಇಟ್ಟ ಎಡೆ ಅನ್ಕೊಂಡ್ರು. ಅವರು ತೀರಿಕೊಂಡು ಮೂರು ವರ್ಷ ಆಯ್ತು. ತಟ್ಟೆ ತಗೊಂಡು ಸೀದಾ ಟೆರೇಸಿಗೆ ಹೋಗಿ ಕಾ ಕಾ ಅಂತ ಕಾಗೆ ಕರೆದ್ರು.”

“ಬಂತಾ?”

“ಬಂತು. ಸುತ್ತ ಒಂದು ರೌಂಡ್ ಹಾಕ್ತು. ಕೊಕ್ಕಲ್ಲಿ ಎಲೆ ಎತ್ತಿ ಪಕ್ಕಕ್ಕೆ ಎಸೀತು. ಹಾರಿ ಹೋಯ್ತು.”

ಕಾಗೆ ಮುಟ್ಟಲಿಲ್ಲ ಅಂದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಅಂತ ಅರ್ಥ. ಅತ್ತೆ ಅಲ್ಲೇ ಟ್ಯಾಂಕಿಗೆ ಒರಗಿ ಅಳೋಕೆ ಶುರು ಮಾಡಿದರಂತೆ. ಆಂಟಿ ಕೆಳಗೆ ಓಡಿ ಒಂದು ಮುದ್ದೆ ಕಟ್ಟಿ, ಬಸ್ಸಾರು ಹಾಕಿ ತಂದಿಟ್ಟರಂತೆ. ಕಾಗೆ ಒಂದಲ್ಲ, ಏಳು ಬಂದವಂತೆ.

ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ತುಂಬ ಗಿರಾಕಿಗಳು ನನ್ನ ಪ್ಲೇಟ್ ವಾಪಸ್ ಕಳಿಸಿದ್ದಾರೆ. ಸ್ವರ್ಗದಿಂದ ವಾಪಸ್ ಬಂದಿದ್ದು ಇದೇ ಮೊದಲು.

ನಿಧಾನಕ್ಕೆ ಅಗಿದು

ಮೂರನೇ ತಿಂಗಳ ಹೊತ್ತಿಗೆ ಲೆಕ್ಕ ಉಲ್ಟಾ ಹೊಡೆದಿತ್ತು. ಇಳಿಯೋದು ಹಾಗಿರಲಿ, ಒಂಬತ್ತರಲ್ಲಿ ಆರು ಜನ ಏರಿದ್ದರು. ಯಾಕೆ ಏರಲ್ಲ ಹೇಳಿ? ಇಲ್ಲಿ ಎರಡು ಬೆರಳು ಕೀಶ್ ತಿಂದು, ‘ಏನೂ ತಿಂದೇ ಇಲ್ಲ’ ಅಂತ ಮನೆಗೆ ಹೋಗಿ ಮಾಮೂಲಿ ಊಟ ಗಡದ್ದಾಗಿ ಬಾರಿಸುತ್ತಿದ್ದರು. ಯುಗಾದಿಗೆ ಇನ್ನು ಐದೇ ವಾರ.

ಇದರ ನಡುವೆ ಮಾವನವರ ಮನೇಲಿ ಭಾನುವಾರದ ಊಟ. ಮೂಡಲಪಾಳ್ಯ ಊರಾಗಿದ್ದ ಕಾಲದಿಂದ ಅಲ್ಲೇ ಇರೋರು, ಈಗ ಹೊಲ ಇದ್ದ ಜಾಗದಲ್ಲಿ ನಾಲ್ಕು ಬಿಲ್ಡಿಂಗು. ಮಾವನಿಗೆ ಎಂಬತ್ತೆರಡು ವರ್ಷ, ದಿನಾ ಎರಡು ಮುದ್ದೆ, ಮೈಮೇಲೆ ಹಿಡಿಯೋಕೆ ಚೂರು ಮಾಂಸ ಸಿಗಲ್ಲ. ಬಾಮೈದ ಬಡಿಸೋಕೆ ನಿಂತಿದ್ದ.

“ಭಾವ, ಫ್ರೆಂಚ್‌ನೋರು ಪ್ರತಿ ತುತ್ತನ್ನೂ ಮೂವತ್ತು ಸಲ ಅಗೀತಾರೆ ಅಂದ್ರಲ್ಲ, ಒಂದ್ಸಲ ತಿಂದು ತೋರಿಸಿ.”

ಬೇಕಂತಲೇ ಕೆಣಕಿದ. ನನಗೂ ಹಟ. ಮುದ್ದೆ ಮುರಿದೆ, ನಾಟಿಕೋಳಿ ಸಾರಲ್ಲಿ ಅದ್ದಿದೆ, ಬಾಯಿಗೆ ಹಾಕಿ ಅಗಿಯೋಕೆ ಶುರು ಮಾಡಿದೆ. ಮುದ್ದೆ ನುಂಗೋದು, ಅಗಿಯೋದಲ್ಲ ಅಂತ ಹುಟ್ಟಿದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಸಿಟ್ಟಿನಲ್ಲಿ ಬುದ್ಧಿ ಎಲ್ಲಿರುತ್ತೆ? ಹತ್ತು ಸಲ ಅಗಿಯೋದರಲ್ಲಿ ಮೇಲಿನ ದವಡೆ ಕೆಳಗಿನ ದವಡೆಗೆ ಅಂಟಿತು. ಹದಿನೈದಕ್ಕೆ ನಾಲಿಗೆಯೂ ಸಿಕ್ಕಿಹಾಕಿಕೊಂಡಿತು.

ಸರಿಯಾಗಿ ಆಗಲೇ ಮಾವ ತಲೆಯೆತ್ತಿದರು. “ಏನ್ ಅಳಿಯಂದ್ರೇ, ಕ್ಲಾಸು ಎಂಗೆ ನಡೀತಾ ಐತೆ?”

ನಾನು ‘ಚೆನ್ನಾಗಿದೆ’ ಅನ್ನೋಕೆ ಹೋದೆ. “ಮ್ಮ್ಮ್” ಅಂತ ಬಂತು. ಮತ್ತೆ ಪ್ರಯತ್ನಪಟ್ಟೆ. ಕಣ್ಣಲ್ಲಿ ನೀರು ತುಂಬಿಕೊಂಡಿತು.

ಮಾವ ಎಡಗೈಯಲ್ಲಿ ನನ್ನ ಬೆನ್ನು ಸವರಿದರು. ಅವರ ದನಿಯೂ ನಡುಗುತ್ತಿತ್ತು. “ಅಳಬ್ಯಾಡಿ, ಬುಡಿ. ಯಾಪಾರ ಅಂದ್ಮೇಲೆ ಮುಳುಗ್ತದೆ.” ಮಗನ ಕಡೆ ತಿರುಗಿ, “ನೋಡ್ತಾ ನಿಂತವ್ನೆ! ನಾಳೆಯಿಂದ್ಲೇ ಸಾಂಬಾರ್‌ಗೆ ಹಾಕ್ಕೊಳೋ ಅವರ್ನ” ಅಂದರು.

ಇಳಿದವರು ಒಬ್ಬರು

ಯುಗಾದಿಗೆ ನಾಲ್ಕು ದಿನ ಮುಂಚೆ, ಶನಿವಾರ, ಕೊನೇ ತೂಕ. ನನ್ನ ಹೆಂಡತಿ ಕುರ್ಚಿ ಹಾಕಿಕೊಂಡು ಕೂತಳು. ಪಕ್ಕದಲ್ಲಿ ಬಾಮೈದ, ನನಗೆ ಅಂತಲೇ ಹೊಲಿಸಿದ ಕ್ಯಾಟರಿಂಗ್ ಯೂನಿಫಾರಂ ತೊಡೆ ಮೇಲಿಟ್ಟುಕೊಂಡು. ಸೈಜು ಡಬಲ್ ಎಕ್ಸೆಲ್ಲು. ಕತ್ತಿನ ಹತ್ತಿರ ಇನ್ನೂ ಗುಂಡುಸೂಜಿ ಇತ್ತು.

ಬಿನ್ನಿಪೇಟೆ ಆಂಟಿ ಹತ್ತಿದರು: ಎಂಬತ್ತಾರು. ಮುಂದಿನವರು ಎರಡು ಕೆಜಿ ಜಾಸ್ತಿ. ಅವರ ಹಿಂದಿನವರು ಎಷ್ಟಿದ್ದರೋ ಅಷ್ಟೇ. ಹೀಗೇ ಎಂಟು ಜನ. ಬಾಮೈದ ಯೂನಿಫಾರಂ ಮಡಿಕೆ ಬಿಚ್ಚೋಕೆ ಶುರು ಮಾಡಿದ.

ಉಳಿದವರು ಹೆಗ್ಗನಹಳ್ಳಿಯ ಒಬ್ಬ ಮೇಡಂ. ಯಾವುದೋ ಆಫೀಸಿನಲ್ಲಿ ಗುಮಾಸ್ತೆ, ಮಾತು ಕಮ್ಮಿ, ಬಂದು ಮೂಲೆಯ ಒಲೆ ಹತ್ತಿರ ನಿಂತರೆ ಹೋಗೋವರೆಗೂ ತಲೆ ಎತ್ತೋರಲ್ಲ, ಮಾಡಿದ್ದನ್ನ ಡಬ್ಬಿಗೆ ತುಂಬಿಸಿಕೊಂಡು ಹೊರಡೋರು. ಮೊದಲ ದಿನ ಎಪ್ಪತ್ತೊಂದು ಇದ್ದರು. ಈಗ ಹತ್ತಿದರು. ಅರವತ್ತೈದು!

ಇಳಿಸಿ ಮತ್ತೆ ಹತ್ತಿಸಿದೆ. ಅರವತ್ತೈದೇ. ಕುಣಿದುಬಿಟ್ಟೆ. ಮಂಡಿ ನೋವು ಮರೆತೇ ಹೋಯಿತು.

“ನೋಡಿದ್ಯೇನೋ? ಆರು ಕೆಜಿ! ಬೆಣ್ಣೆ ತಿಂದು ಆರು ಕೆಜಿ! ಮೇಡಂ, ಹೇಳಿ ಇವನಿಗೆ, ಯಾವ ತಿಂಡಿಯಿಂದ ಇಳಿದಿದ್ದು? ಕೀಶಾ? ಕ್ರಸಾಂಟಾ?”

ಮೇಡಂ ಸೆರಗು ಎಳೆದುಕೊಂಡರು. “ಸಾರ್, ತಪ್ಪು ತಿಳ್ಕೋಬೇಡಿ. ನನಗೆ ಗುರುವಾರ, ಶನಿವಾರ ಎರಡೂ ವಾರ. ಮೊಟ್ಟೆ ಬಾಯಿಗೆ ಹಾಕಲ್ಲ. ನೀವು ಹೇಳ್ಕೊಟ್ಟಿದ್ದು ಇವತ್ತಿನವರೆಗೂ ಒಂದು ಚೂರೂ ತಿಂದಿಲ್ಲ.”

“ಮತ್ತೆ ಹೆಂಗಮ್ಮಾ ಇಳಿದ್ರಿ?”

“ಇಲ್ಲಿ ಮೂರು ಗಂಟೆ ನಿಂತು ಆ ಬೆಣ್ಣೆ ವಾಸನೆ ಕುಡಿದು ಹೋದ್ರೆ ಮೂರ್ನಾಲ್ಕು ದಿನ ಊಟ ಸೇರಲ್ಲ ಸಾರ್. ಅದು ಮುಗಿಯೋದ್ರಲ್ಲಿ ಮುಂದಿನ ಕ್ಲಾಸ್ ಬರುತ್ತೆ.”

ಬಾಮೈದ ಬಿದ್ದು ಬಿದ್ದು ನಕ್ಕ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಹಂಗಾದ್ರೆ ಡಬ್ಬಿ ತುಂಬಿಸ್ಕೊಂಡು ಹೋಗ್ತಿದ್ರಲ್ಲ, ಅದೆಲ್ಲ ಏನಾಯ್ತು?” ಅಂತ ನಾನು ಕೇಳಬೇಕು, ಅಷ್ಟರಲ್ಲಿ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಬಾಗಿಲು ತುಂಬ ಒಬ್ಬರು ಬಂದು ನಿಂತರು. ಅಂಗಿಯ ಕೆಳಗಿನ ಎರಡು ಗುಂಡಿ ಹಾಕಿರಲಿಲ್ಲ, ಹಾಕೋಕೆ ಆಗುತ್ತಲೂ ಇರಲಿಲ್ಲ.

“ನಮ್ಮೆಜಮಾನ್ರು” ಅಂದರು ಮೇಡಂ, ನೆಲ ನೋಡುತ್ತಾ.

ಮುಗೀತು ಕಥೆ, ಗಲಾಟೆಗೇ ಬಂದಿದ್ದಾನೆ ಅಂದುಕೊಂಡು ನಾನು ಒಲೆ ಹಿಂದಕ್ಕೆ ಸರಿದೆ. ಆತ ಸೀದಾ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ಸಾರ್, ಕ್ಲಾಸ್ ನಿಲ್ಲಿಸ್ತಾರೆ ಅಂತ ಇವಳು ಹೇಳಿದ್ಲು. ದಯವಿಟ್ಟು ನಿಲ್ಲಿಸಬೇಡಿ. ಮದುವೆ ಆಗಿ ಇಪ್ಪತ್ತು ವರ್ಷ ಸಾರ್, ಇವಳ ವಾರದ ದಿನ ನಂಗೆ ಬರೀ ಉಪ್ಪಿಟ್ಟು. ಈಗ ನಾಲ್ಕು ತಿಂಗಳಿಂದ ಮನುಷ್ಯನ ಥರ ತಿಂತಾ ಇದೀನಿ.”

“ತೂಕ ಎಷ್ಟು ಏರಿದೀರಾ ಅಣ್ಣ?” ಬಾಮೈದ ಕೇಳಿದ.

“ಹನ್ನೊಂದು ಕೆಜಿ” ಅಂದರು ಆತ, ಹೆಮ್ಮೆಯಿಂದ.

ಬಾಮೈದ ಅಕ್ಕನ ಕಡೆ ತಿರುಗಿದ. “ಅಕ್ಕಾ, ಆರು ಇಳಿದು ಹನ್ನೊಂದು ಏರಿದೆ. ಇದು ಗೆಲುವಾ?”

ನನ್ನ ಹೆಂಡತಿ ಎದ್ದು ನಿಂತಳು. “ನಾನು ಕೇಳಿದ್ದು ಕ್ಲಾಸಲ್ಲಿ ಒಬ್ಬರು ಇಳೀಬೇಕು ಅಂತ. ಇಳಿದಿದಾರೆ. ಗಂಡಂದಿರ ತೂಕ ಯಾರು ಕೇಳಿದ್ರು? ನೀನು ಯೂನಿಫಾರಂ ಎತ್ಕೊಂಡು ಹೊರಡು.”

ಇವತ್ತಿಗೂ ಕ್ಲಾಸ್ ನಡೀತಾ ಇದೆ, ಬ್ಯಾಚು ಫುಲ್ಲು. ಬೆಣ್ಣೆ ತಿಂದ್ರೆ ನಿಜವಾಗಿ ಇಳೀತೀವಾ ಅಂತ ಯಾರಾದರೂ ಫೋನ್ ಮಾಡಿದರೆ ನನ್ನ ಹೆಂಡತಿಯೇ ಎತ್ತಿ ಉತ್ತರ ಕೊಡುತ್ತಾಳೆ: “ಗ್ಯಾರಂಟಿ ಇಳೀತೀರಾ ಮೇಡಂ. ಮನೇಲಿ ತಿನ್ನೋರು ಯಾರಿದಾರೆ, ಅದನ್ನ ಮೊದಲು ಹೇಳಿ.”