ಭಸ್ಮಯುಗದ ಒಂದೇ ಹೊರಸು

ಎಲೈ ವಾಗ್ದೇವಿಯೇ, ಸಮುದ್ರಗಳು ಬತ್ತಿ, ಪರ್ವತಗಳು ಪುಡಿಯಾಗಿ, ಸೂರ್ಯನು ಹೊಗೆಯ ಕಂಬಳಿ ಹೊದ್ದು ಮಲಗಿದ ಆ ಘೋರ ಭಸ್ಮಯುಗದಲ್ಲಿ, ಮನುಷ್ಯರೆಂಬುವರೆಲ್ಲ ಅಳಿದ ಮೇಲೂ ಅಳಿಯದೆ ಉಳಿದ, ವಿಕೃತಮಹಿಷಮರ್ದನನೂ ವಿಷವಾಯುಪಾನಸಮರ್ಥನೂ ಪಾಳುನಗರಸಾರ್ವಭೌಮನೂ ಆದ ಏಕಾಕಿವೀರನ ಕಥೆಯನ್ನು ಹಾಡಲು ನನ್ನ ನಾಲಿಗೆಗೆ ಬಲ ಕೊಡು. ಆ ವೀರನನ್ನು ಗದಗಿನ ಬಾಡಿಗೆ ಮನೆಯೊಂದರ ಪಡಸಾಲೆಯಲ್ಲಿ, ಕಾಲು ಸೊಟ್ಟಗಾದ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಬನಿಯನ್ನಿನಲ್ಲಿ ಕುಳಿತು ಆಡಿಸುತ್ತಿದ್ದವನು ಪಾಲಿಟೆಕ್ನಿಕ್ಕಿನ ಸಿವಿಲ್ ವಿಭಾಗದ ಬೋಧಕ ಮುರಿಗೆಪ್ಪ ಬಳಿಗಾರ. ಆದರೂ ತಾಯೇ, ನೀನು ಹಿಂಜರಿಯಬೇಡ.

ಭಸ್ಮಯುಗವೆಂಬುದು ಮೂರು ಕಾಂಡಗಳ ವಿಡಿಯೋ ಗೇಮು. ಲೋಕ ಸುಟ್ಟುಹೋಗಿದೆ, ಒಬ್ಬನೇ ಒಬ್ಬ ಮನುಷ್ಯ ಉಳಿದಿದ್ದಾನೆ, ಅವನು ಬೂದಿಯ ಮೇಲೆ ನಡೆಯುತ್ತಾನೆ, ಕಥೆಯೆಂದರೆ ಇಷ್ಟೇ. ಈ ಇಷ್ಟನ್ನು ಮುರಿಗೆಪ್ಪನು ಹನ್ನೊಂದು ವರ್ಷ ಆಡಿದ್ದನು. ಮೊದಲ ಕಾಂಡದಲ್ಲಿ ಮೂರು ತಲೆಯ ಎಮ್ಮೆಯನ್ನು ಕೊಂದನು. ಎರಡನೆಯದರಲ್ಲಿ ಮುಳುಗಿದ ಅಣೆಕಟ್ಟಿನ ತಳದಿಂದ ಕಬ್ಬಿಣದ ಗದೆಯನ್ನು ಎತ್ತಿ ತಂದನು. ಮೂರನೆಯದರಲ್ಲಿ ಯಾರನ್ನೂ ಕೊಲ್ಲದೆ ಉತ್ತರದ ಹಿಮದವರೆಗೆ ಸುಮ್ಮನೆ ನಡೆದುಹೋದನು. ಆ ನಡಿಗೆ ಅವನಿಗೆ ಬಲು ಪ್ರಿಯವಾಗಿತ್ತು. ಕಾಲೇಜಿನಲ್ಲಿ ಪ್ರಿನ್ಸಿಪಾಲರು ಮಾತನಾಡುತ್ತಿದ್ದರು, ಸ್ಟಾಫ್ ರೂಮಿನಲ್ಲಿ ಎಲ್ಲರೂ ಮಾತನಾಡುತ್ತಿದ್ದರು, ಮನೆಯಲ್ಲಿ ಟೀವಿ ಸಹ ಅವನಿಗೇ ಬುದ್ಧಿ ಹೇಳುತ್ತಿತ್ತು. ಬೂದಿಯ ಮೇಲೆ ಮಾತ್ರ ಅವನ ಹೆಜ್ಜೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಏಕಾಕಿವೀರನೆಂದರೆ ಅವನಿಗೆ ಆಟದ ಗೊಂಬೆಯಲ್ಲ, ಅವನ ಪಾಲಿನ ಒಳ್ಳೆಯ ಮುರಿಗೆಪ್ಪನೇ ಅದು.

ಹೀಗಿರಲಾಗಿ, ಆ ಆಟವನ್ನು ಮಾಡಿದ ಕಂಪನಿಯ ಲಾಭಕಾಂಕ್ಷಾಜರ್ಜರಿತಹೃದಯರಾದ ಮಹಾಜನರು ಗಾಜಿನ ಕೋಣೆಯಲ್ಲಿ ಸಭೆ ಸೇರಿ, ಒಬ್ಬನೇ ಆಡುವ ಆಟದಲ್ಲಿ ಒಬ್ಬನಿಗೇ ಟೋಪಿ ಮಾರಬಹುದಲ್ಲ ಎಂದು ಕೊರಗಿ, ಭಸ್ಮಯುಗವನ್ನು ಆನ್‌ಲೈನ್ ಮಾಡಿ ಸಕಲರಿಗೂ ತೆರೆಯತಕ್ಕದ್ದೆಂದು ಶಂಖ ಊದಿದರು. "ಒಂಟಿತನವನ್ನು ಈಗ ಎಲ್ಲರೂ ಒಟ್ಟಿಗೆ ಅನುಭವಿಸಿ" ಎಂಬುದು ಅವರ ಘೋಷವಾಕ್ಯ. ಆಟದ ವೀರರ ತಲೆಗೆ ತೊಡಿಸಲು ಬಗೆಬಗೆಯ ಟೋಪಿಗಳನ್ನು ತಯಾರಿಸುವುದರಲ್ಲಿ ಅವರು ಎಷ್ಟು ತಲ್ಲೀನರಾದರೆಂದರೆ, ಒಬ್ಬನಿಗಾಗಿ ಕಟ್ಟಿದ ಲೋಕದಲ್ಲಿ ಎಲ್ಲವೂ ಒಂದೊಂದೇ ಇದೆ ಎಂಬ ಸಂಗತಿ ಯಾರ ತಲೆಗೂ ಹೊಳೆಯಲಿಲ್ಲ. ಒಂದು ಬಾವಿ, ಒಬ್ಬ ಮುದುಕಿ, ಕೋಟೆಯೊಳಗೆ ಹಗ್ಗದ ಒಂದು ಹೊರಸು. ಭಸ್ಮಯುಗದಲ್ಲಿ ಆ ಹೊರಸಿನ ಮೇಲೆ ಮಲಗಿ ಎದ್ದರೆ ಮಾತ್ರ ಆಟಗಾರನ ಪಯಣ ಉಳಿಯುತ್ತದೆ, ಮಲಗದವನದು ಅಳಿಯುತ್ತದೆ. ಹಳೆಯ ವೀರರನ್ನು ಹೊಸ ಲೋಕಕ್ಕೆ ತರುವವರು ಭಾನುವಾರ ಸಂಜೆ ಆರರೊಳಗೆ ಅದರ ಮೇಲೆ ಒಮ್ಮೆ ಮಲಗಬೇಕು, ತಪ್ಪಿದರೆ ಅವರು ಬೂದಿಯಾಗುತ್ತಾರೆ ಎಂದು ಕಂಪನಿ ಸಾರಿತ್ತು.

ಮುರಿಗೆಪ್ಪನು ವಾರವಿಡೀ ಮುನಿಸಿಕೊಂಡಿದ್ದು, ಆ ಸಂತೆಗೆ ಕಾಲಿಡುವುದಿಲ್ಲವೆಂದು ಶಪಥ ಮಾಡಿ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಶಪಥವನ್ನು ಬದಿಗಿಟ್ಟನು. ಹನ್ನೊಂದು ವರ್ಷದ ಜೀವವನ್ನು ಬೂದಿಯಾಗಲು ಬಿಡುವುದಾದರೂ ಹೇಗೆ? ಅವನು ಹೆಡ್‌ಫೋನ್ ಎಂಬ ಕರ್ಣಕವಚವನ್ನು ಧರಿಸಿ, ಸಂಜೆ ಐದರ ಸುಮಾರಿಗೆ ಗದಾಪಾಣಿಯಾಗಿ ಕೋಟೆಯ ಬಾಗಿಲಲ್ಲಿ ಅವತರಿಸಿದನು.

ಬಾಗಿಲಲ್ಲಿ ಆಟದ ಮುದುಕಿ ಎಂದಿನಂತೆ ಕುಳಿತಿದ್ದಳು. ಮೊದಲ ಕಾಂಡದ ಆದಿಯಲ್ಲಿ ಅವಳು ಕಣ್ಣು ಮುಚ್ಚಿ ನಡುಗುವ ದನಿಯಲ್ಲಿ, "ಮಗನೇ, ಈ ಭೂಮಿಯ ಕೊನೆಯ ಮನುಷ್ಯ ನೀನೇ" ಎಂದಾಗ ಮುರಿಗೆಪ್ಪನ ಮೈ ಜುಮ್ಮೆಂದಿತ್ತು. ಈಗ ಅವಳ ಮುಂದೆ ಪಾಳಿ ನಿಂತಿತ್ತು. ಅವಳು ಮುಂದಿನವನಿಗೆ ಅದನ್ನೇ ಹೇಳಿದಳು, ಅವನು ಸರಿದನು. ಅವನ ಹಿಂದಿನವನಿಗೂ ಅದನ್ನೇ ಹೇಳಿದಳು. ಅಷ್ಟೂ ಮಂದಿ ಕೊನೆಯ ಮನುಷ್ಯರು ಒಬ್ಬರನ್ನೊಬ್ಬರು ನೂಕುತ್ತ ಒಳಗೆ ಹೋದರು. ಮುರಿಗೆಪ್ಪನು ಮುದುಕಿಯ ಕಡೆ ನೋಡದೆ ಅವರ ಹಿಂದೆ ನಡೆದನು.

ಒಳಗೆ ಹೋಗಿ ನೋಡಿದರೆ, ಕೋಟೆಯ ನಡುಮನೆಯಲ್ಲಿ ವೀರಾಧಿವೀರರ ಒಂದು ಗುಂಪು ಹೊರಸಿನ ಸುತ್ತ ಕೈಕಟ್ಟಿ ನಿಂತಿತ್ತು. ಹೊರಸಿನ ಮೇಲೆ ಯಾರೂ ಇರಲಿಲ್ಲ. ಅದರ ನಟ್ಟನಡುವೆ, ನಾಲ್ಕು ಮಡಿಕೆ ಮಡಿಸಿದ ಒಂದು ಕೆಂಪು ಟವೆಲ್ಲು ಇತ್ತು.

ಕೇಳಿರಯ್ಯಾ ಸಭಾಸದರೇ, ಬೂದಿಗಾಳಿಯಲ್ಲಿ ಮೂಗು ಮುಚ್ಚಿಕೊಳ್ಳಲೆಂದು ಕಂಪನಿಯು ಎಲ್ಲ ವೀರರಿಗೂ ಕೊಡುವ ಟವೆಲ್ಲು ಅದು. ಬೇರೆ ದೇಶಗಳವರು ಅದನ್ನು ಮೂಗಿಗೇ ಕಟ್ಟುತ್ತಾರೆ. ನಮ್ಮವರಲ್ಲಿ ಯಾರೋ ಒಬ್ಬರು ಅದನ್ನು ಹೊರಸಿನ ಮೇಲೆ ಹಾಕಿ ಹೋಗಿದ್ದರು. ಏನಾದರೂ ಇಟ್ಟಿರುವ ಹೊರಸಿನ ಮೇಲೆ ಮಲಗಲು ಆಟವು ಬಿಡುವುದಿಲ್ಲ. ಆದರೆ ಒಂದು ಗುಂಡಿ ಒತ್ತಿದರೆ ಯಾರು ಬೇಕಾದರೂ ಆ ಟವೆಲ್ಲನ್ನು ಎತ್ತಿ ನೆಲಕ್ಕೆ ಹಾಕಬಹುದು. ಅಲ್ಲಿದ್ದವರೆಲ್ಲರೂ ಹಳೆಯ ಆಟಗಾರರು, ಎಲ್ಲರಿಗೂ ಮಲಗಲೇಬೇಕಿತ್ತು, ಎಲ್ಲರಿಗೂ ಆ ಗುಂಡಿ ಗೊತ್ತಿತ್ತು. ಒಬ್ಬರೂ ಒತ್ತಿರಲಿಲ್ಲ.

ಆಗ ಏಕಾಕಿವೀರನು ಗದೆಯನ್ನು ಭುಜಕ್ಕೇರಿಸಿ, ಸಭೆಯ ಮಧ್ಯಕ್ಕೆ ನಡೆದು, ಮೇಘಗಂಭೀರಸ್ವರದಿಂದ ಗರ್ಜಿಸಿದನು: "ಎಲವೋ ಎಲವೋ, ಅರ್ಧದಾರಿಯಲ್ಲಿ ಬಂದ ಅಲ್ಪಾಯುಗಳಿರಾ! ತ್ರಿಶಿರಮಹಿಷನ ಮೂರು ಕುತ್ತಿಗೆಗಳನ್ನು ಮುರಿದ ತೋಳುಗಳಿವು! ನೀವು ಈ ಆಟದ ಹೆಸರನ್ನೂ ಕೇಳದಿದ್ದ ದಿನಗಳಲ್ಲಿ ನಾನು ಈ ಹೊರಸಿನ ಮೇಲೆ ಒಬ್ಬನೇ ಮಲಗಿ ಒಬ್ಬನೇ ಎದ್ದವನು! ಇದು ನನ್ನ ಏಕಾಂತದ ಸಿಂಹಾಸನ, ನನ್ನ ಮೌನದ ಗರ್ಭಗುಡಿ! ಯಾವ ವಸ್ತ್ರಮಾತ್ರಪರಾಕ್ರಮಿಯು ಇದನ್ನು ಅಪವಿತ್ರಗೊಳಿಸಿದನೋ ಅವನು ಈ ಕ್ಷಣ ಮುಂದೆ ಬಂದು ನನ್ನ ಗದೆಗೆ ಉತ್ತರ ಹೇಳಲಿ!"

ಸಭೆಯ ತಲೆಗಳೆಲ್ಲ ಅವನತ್ತ ತಿರುಗಿದವು. ಬಳಿಕ ಮೂಲೆಯಲ್ಲಿದ್ದ ಕಬ್ಬಿಣದ ಮುಖವಾಡದ ದೈತ್ಯನೊಬ್ಬನು ವಿನಯದಿಂದ ನುಡಿದನು: "ಸರ, ನಿಮ್ಮ ಮೈಕ್ ಬಂದ್ ಐತ್ರಿ. ಬಾಯಿ ಆಡಾಕತ್ತೈತಿ, ಏನೂ ಕೇಳಸವಲ್ದು."

ಮುರಿಗೆಪ್ಪನು ಮೈಕನ್ನು ಆನ್ ಮಾಡಿ, ಗಂಟಲು ಸರಿಮಾಡಿಕೊಂಡು, "ಅಲ್ರೀ, ಈ ಟವೆಲ್ ಯಾರ್ದು?" ಎಂದನು.

"ಗೊತ್ತಿಲ್ರಿ. ಯಾರೋ ಹಾಕಿ ಹೋಗ್ಯಾರ."

"ಹಂಗಾರ ತಗದು ಮಕ್ಕೊಳ್ಳಾಕ ಏನಾಗೇತಿ ನಿಮಗ?"

"ಟವೆಲ್ ಹಾಕ್ಯಾರಲ್ರೀ ಸರ," ಎಂದು ದೈತ್ಯನು ನೊಂದ ದನಿಯಲ್ಲಿ ಹೇಳಿದನು. "ಹೆಂಗ್ ತಗೀಬೇಕ್ರಿ?"

ಮುರಿಗೆಪ್ಪನು ಹಲ್ಲು ಕಚ್ಚಿ ತಾನೇ ಗುಂಡಿಯ ಮೇಲೆ ಬೆರಳಿಟ್ಟನು. ಎಮ್ಮೆಯ ಮೂರು ಕುತ್ತಿಗೆಗಳನ್ನು ಮುರಿದ ಆ ಬೆರಳು ಈಗ ಗುಂಡಿಯನ್ನು ಒತ್ತಲಿಲ್ಲ. ಗದಗದಿಂದ ಹುಬ್ಬಳ್ಳಿಗೆ ಓಡಾಡಿದ ವರ್ಷಗಳಲ್ಲಿ ಬಸ್ಸಿನ ಕಿಟಕಿಯಿಂದ ಅವನು ತೂರಿದ ಕರವಸ್ತ್ರಗಳಿಗೆ ಲೆಕ್ಕವಿರಲಿಲ್ಲ. ಅವುಗಳಲ್ಲಿ ಒಂದನ್ನಾದರೂ ಯಾರೂ ಸರಿಸಿ ಕುಳಿತಿರಲಿಲ್ಲ. ಲೋಕ ಸುಡಲಿ, ಸರಕಾರಗಳು ಬೀಳಲಿ, ಮತ್ತೊಬ್ಬರು ಹಾಕಿದ ಟವೆಲ್ಲನ್ನು ಎತ್ತಿದವನನ್ನು ಜನ ಮನುಷ್ಯರ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಅವನು ಬೆರಳನ್ನು ಹಿಂದಕ್ಕೆ ತೆಗೆದುಕೊಂಡನು. ತನ್ನ ಮೇಲೆ ತನಗೇ ಕೆಟ್ಟ ಸಿಟ್ಟು ಬಂತು.

ಅಷ್ಟರಲ್ಲಿ ಬಾಗಿಲು ಬಿರಿಯಿತು. ಹೊಚ್ಚಹೊಸ ಕಪ್ಪು ಕವಚ, ತಲೆಬುರುಡೆಗಳ ಮಾಲೆ, ತಲೆಯ ಮೇಲೆ 'ರುಧಿರಕೇತು' ಎಂಬ ಉರಿಯುವ ನಾಮಾಕ್ಷರ. ಇಂತಿಪ್ಪ ಭಯಂಕರಾಕಾರವೊಂದು ಪಕ್ಕದ ಕಂಬಕ್ಕೆ ಡಿಕ್ಕಿ ಹೊಡೆದು, ಗೋಡೆಗೆ ಮುಖ ಮಾಡಿ, ಮತ್ತೆ ತಿರುಗಿ ಹೊರಸಿನ ಹತ್ತಿರ ಬಂದಿತು.

"ಯಾರ್ರೀ ಅದು, ಟವೆಲ್ ಮುಟ್ಟಾಕತ್ತಾವ್ರು?" ಎಂದಿತು ರುಧಿರಕೇತು. ಅದು ನಡುವಯಸ್ಸಿನ ಹೆಂಗಸಿನ ದನಿ. ಹಿಂದಿನಿಂದ ಮಿಕ್ಸಿಯ ಸದ್ದೂ ಬರುತ್ತಿತ್ತು. "ನಮ್ಮವ್ರು ಹಿಂದ ಬರಾಕತ್ತಾರ. ಜಾಗಾ ಹಿಡಿ ಅಂತ ನಮ್ಮ ತಂಗಿ ನನ್ನ ಮುಂದ ಕಳಿಸ್ಯಾಳ."

"ಇದೇನ್ ಬಸ್ಸೇನ್ರೀ?" ಎಂದು ಮುರಿಗೆಪ್ಪನು ಕೂಗಿದನು. "ಹನ್ನೊಂದು ವರ್ಷ ಆತು ನಾ ಇದನ್ನ ಆಡಾಕತ್ತು! ಆರರೊಳಗ ಮಕ್ಕೊಳ್ಳಲಿಲ್ಲಂದ್ರ ನನ್ನ ಮನಷ್ಯಾ ಸುಟ್ಟು ಬೂದಿ ಆಗ್ತಾನ!"

"ನಮ್ಮ ತಂಗಿ ಗಂಡನೂ ಹಳೇ ಆಟಗಾರನರೀ. ನಂದೇನಿಲ್ಲ, ನಾ ಹೊಸಬಾಕಿ. ಅವ್ರಿಗೆ ಅಂತ ಹಿಡದೀನಿ. ಅವ್ರು ಬಂದು ಎದ್ದ ಮ್ಯಾಲ ನೀವ ಮಕ್ಕೊಳ್ರಿ, ಯಾರ್ ಬ್ಯಾಡಂದ್ರು? ನೀವು ಯಾವೂರವ್ರು?"

"ಗದಗ."

"ಅಡ್ಡೆಸರು?"

"ಬಳಿಗಾರ."

"ಬೆಟಗೇರಿ ಬಳಿಗಾರರೇನ್ರಿ? ಅಯ್ಯ, ನಮ್ಮ ನೆಗೆಣ್ಣಿ ತವರು ಮನಿ ನಿಮ್ಮ ಮಗ್ಗಲಕ ಐತಲ್ರೀ! ನಾ ರಾಣೆಬೆನ್ನೂರಿನ ನೀಲಾಂಬಿಕಾ."

ಹಾಯ್! ಕುರುಕ್ಷೇತ್ರವಾಗಬೇಕಿದ್ದ ಆ ನೆಲದಲ್ಲಿ, ಗದೆಯೆತ್ತಿ ನಿಂತಿದ್ದ ಮಹಾಬಾಹುವಿನ ಕೈ ತಾನಾಗಿ ಕೆಳಗಿಳಿಯಿತು. ಮಗ್ಗುಲ ಮನೆಯ ಮಗಳಿಗೆ ಓರಗಿತ್ತಿಯಾದವಳ ತಲೆಯ ಮೇಲೆ ಗದೆ ಬೀಸುವ ವಿದ್ಯೆಯನ್ನು ಅವನಿಗೆ ಮೂರು ಕಾಂಡಗಳಲ್ಲಿ ಎಲ್ಲಿಯೂ ಕಲಿಸಿರಲಿಲ್ಲ. ಅದರ ಮೇಲೆ ರುಧಿರಕೇತು ಬ್ರಹ್ಮಾಸ್ತ್ರವನ್ನೇ ಬಿಟ್ಟಿತು.

"ಕುಕ್ಕರ್ ಸೀಟಿ ಹೊಡ್ಯಾಕತ್ತೈತ್ರಿ, ಗ್ಯಾಸ್ ಬಂದ್ ಮಾಡಿ ಹೊಳ್ಳಿ ಬರ್ತೀನಿ. ನೀವು ನಮ್ಮವರಽ ಆದ್ರಿ. ಸ್ವಲ್ಪ ಟವೆಲ್ ನೋಡ್ಕೋತ ಇರ್ರಿ ತಮ್ಮಾ."

"ಆಯ್ತ್ರೀ ಅಕ್ಕಾರ," ಎಂದನು ಮುರಿಗೆಪ್ಪ. ಹಾಗೆಂದುದು ತಾನೇ ಎಂಬುದು ಅವನಿಗೆ ಒಂದು ಗಳಿಗೆ ತಡವಾಗಿ ತಿಳಿಯಿತು.

ರುಧಿರಕೇತು ನಿಂತಲ್ಲೇ ಕಲ್ಲಾಯಿತು. ನೀಲಾಂಬಿಕಾ ಅಡುಗೆಮನೆಗೆ ಹೋದಳು. ಆರಕ್ಕೆ ಇನ್ನೂ ಅರ್ಧ ತಾಸಿತ್ತು. ಪಾಳುನಗರಸಾರ್ವಭೌಮನು ಹೊರಸಿನ ತಲೆದೆಸೆಯಲ್ಲಿ ಗದೆಯನ್ನೂರಿ ಕಾವಲು ನಿಂತನು. ಅಂಥ ಕಾವಲನ್ನು ಯಾವ ನಿಧಿಗೂ ಯಾವ ಸರ್ಪವೂ ಕಾದಿರಲಾರದು. ಬಾಗಿಲಿಂದ ಹೊಸಬನೊಬ್ಬನು ಬಂದು, "ಖಾಲಿ ಐತೇನ್ರಿ?" ಎಂದರೆ, "ಇಲ್ರಿ, ಜನ ಅದಾರ" ಎನ್ನುತ್ತಿದ್ದನು. ಮತ್ತೊಬ್ಬನು, "ಎಲ್ಲಿ ಅದಾರ?" ಎಂದರೆ, "ಬರಾಕತ್ತಾರ್ರೀ, ಟವೆಲ್ ಕಾಣಂಗಿಲ್ಲೇನು?" ಎಂದು ಹುಬ್ಬು ಗಂಟಿಕ್ಕುತ್ತಿದ್ದನು. ತನ್ನ ಏಕಾಂತವನ್ನು ಕಾಯಲು ಬಂದವನು ಹನ್ನೊಂದು ವರ್ಷದಲ್ಲಿ ಆಡದಷ್ಟು ಮಾತುಗಳನ್ನು ಆ ಅರ್ಧ ತಾಸಿನಲ್ಲಿ ಆಡಿದನು.

ಆರಕ್ಕೆ ಐದು ನಿಮಿಷವಿದ್ದಾಗ ಕಬ್ಬಿಣದ ಮುಖವಾಡದ ದೈತ್ಯನು ಮೆಲ್ಲಗೆ ಅಂದನು: "ಸರ, ನೀವರ ಒಂದ್ ಗಳಿಗಿ ತಗದು ಮಕ್ಕೊಂಡ್ ಎದ್ದು, ಹೊಳ್ಳಿ ಹಂಗಽ ಹಾಕಿಬಿಡ್ರಿ. ಯಾರಿಗೆ ಗೊತ್ತಾಗತೈತಿ?"

ಗೊತ್ತಾಗುತ್ತಿರಲಿಲ್ಲ, ನಿಜ. ಮಲಗಿ ಏಳಲು ಒಂದು ನಿಮಿಷ ಸಾಕಿತ್ತು. ಮುರಿಗೆಪ್ಪನು ತನ್ನ ವೀರನನ್ನು ನೋಡಿದನು: ಎಡಗೆನ್ನೆಯ ಮೇಲೆ ಎಮ್ಮೆಯ ಕೊಂಬು ಸೀಳಿದ ಗಾಯ, ಹಿಮದಲ್ಲಿ ಸವೆದ ಬೂಟು. ಅಪ್ಪ ಆಸ್ಪತ್ರೆಯಲ್ಲಿದ್ದ ತಿಂಗಳು ಈ ವೀರನ ಜೊತೆಗೇ ಅಲ್ಲವೇ ಅವನು ನಡೆದದ್ದು? ಬೆರಳು ಗುಂಡಿಯವರೆಗೆ ಹೋಯಿತು. ಎದುರಿಗೆ ಆ ಗುಂಪು ನಿಂತಿತ್ತು. ಈವರೆಗೆ ಅವನೇ ಬೇಡವೆಂದು ತಡೆದಿದ್ದ ಮಂದಿ, ಅವರವರ ವರ್ಷಗಳನ್ನು ಹೊತ್ತು ನಿಂತಿದ್ದರು. ಅವರ ಕಣ್ಣೆದುರಿಗೆ, ನೋಡಿಕೊಳ್ಳುತ್ತೇನೆಂದು ಒಪ್ಪಿದ ಟವೆಲ್ಲನ್ನು ಎತ್ತುವುದೇ?

"ಅಕ್ಕಾರು ಬರ್ಲಿ ತಡೀರಿ," ಎಂದನು.

ಆರು ಹೊಡೆಯಿತು. ಒಬ್ಬೊಬ್ಬರಾಗಿ, ಯಾವ ಗದ್ದಲವೂ ಇಲ್ಲದೆ, ಆ ಮರ್ಯಾದಸ್ಥರೆಲ್ಲ ನಿಂತಲ್ಲೇ ಬೂದಿಯಾಗಿ ಉದುರಿದರು. ಏಕಾಕಿವೀರನ ಗದೆ ಮೊದಲು ಉದುರಿತು, ಆಮೇಲೆ ಕೈ, ಆಮೇಲೆ ಗಾಯದ ಕೆನ್ನೆ. ಪರದೆಯ ಮೇಲೆ ಕಂಪನಿಯ ಸಂದೇಶ ಮೂಡಿತು: "ನಿಮ್ಮ ಮಹಾಪಯಣಕ್ಕೆ ವಂದನೆಗಳು. ಹೊಸ ಟೋಪಿಗಳು ಅಂಗಡಿಯಲ್ಲಿ ದೊರೆಯುತ್ತವೆ." ಬೂದಿಯ ಗುಡ್ಡೆಯಿಂದ, ಆಟದ ನಿಯಮದಂತೆ, ಬರಿಗೈಯ ಒಬ್ಬ ಹೊಸ ಮನುಷ್ಯನು ಚಡ್ಡಿಯೊಂದರಲ್ಲಿ ಎದ್ದು ನಿಂತನು. ಅವನಿಗೆ ಹೆಸರಿರಲಿಲ್ಲ. ಉಳಿದವರು ಕಂಪನಿಯ ವಂಶವನ್ನೆಲ್ಲ ಬೈಯುತ್ತ, ಒಬ್ಬೊಬ್ಬರಾಗಿ ಆಟ ಬಂದ್ ಮಾಡಿ ಹೊರಟುಹೋದರು. ಟವೆಲ್ಲನ್ನು ಹಾಕಿದವರನ್ನು ಮಾತ್ರ ಯಾರೂ ಬೈಯಲಿಲ್ಲ.

ಸ್ವಲ್ಪ ಹೊತ್ತಿಗೆ ರುಧಿರಕೇತುವಿಗೆ ಜೀವ ಬಂದಿತು.

"ತಮ್ಮಾ, ಅದೀರೇನು? ಅಯ್ಯ, ಇದ್ಯಾಕ ಹಿಂಗ ಚಡ್ಡಿ ಮ್ಯಾಲ ನಿಂತೀರಿ?"

"ಆರು ಆತ್ರೀ ಅಕ್ಕಾರ," ಎಂದನು ಮುರಿಗೆಪ್ಪ. "ನಿಮ್ಮವ್ರು ಬರಲೇ ಇಲ್ಲ."

"ಅಯ್ಯೋ, ಅದನ್ನ ಹೇಳಾಕಽ ಬಂದೆ. ಅವ್ರು ಹರಿಹರಕ್ಕ ಗೃಹಪ್ರವೇಶಕ್ಕ ಹೋಗ್ಯಾರಂತ, ಈಗ ಫೋನ್ ಬಂತು. ಆ ಆಟ ಬಿಟ್ಟು ವರ್ಷಾತು ಅಂತಾನ ಆ ಪುಣ್ಯಾತ್ಮ." ಅವಳು ಟವೆಲ್ಲನ್ನೆತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡಳು. "ಮಕ್ಕೊಳ್ರಿ ತಮ್ಮಾ, ಇನ್ನ ಎಷ್ಟ್ ಹೊತ್ತರ ಮಕ್ಕೊಳ್ರಿ. ಪೂರಾ ಖಾಲಿ ಐತಿ."

ರುಧಿರಕೇತು ಕಂಬಕ್ಕೊಮ್ಮೆ ಡಿಕ್ಕಿ ಹೊಡೆದು, ಬಾಗಿಲು ಹುಡುಕಿಕೊಂಡು ಹೊರಗೆ ಹೋಯಿತು. ಕೋಟೆ ನಿಶ್ಶಬ್ದವಾಯಿತು. ಆ ಹೆಸರಿಲ್ಲದವನನ್ನು ಮುರಿಗೆಪ್ಪನು ನಾಲ್ಕು ಹೆಜ್ಜೆ ನಡೆಸಿ ಹೊರಸಿನ ಮೇಲೆ ಮಲಗಿಸಿದನು. ಪಯಣ ಉಳಿಯಿತೆಂದು ಆಟವು ಹೇಳಿತು. ಉಳಿಸಿಕೊಳ್ಳಲು ಅವನ ಮೈಮೇಲೆ ಒಂದು ಚಡ್ಡಿ ಇತ್ತು, ಅಷ್ಟೇ.