ಒಳಗೆ ಜಾಗ ಇದೆ, ಮುಂದೆ ನಡೀರಿ

"ಅದು ಬಾಯಲ್ಲ ಕಣ್ರೀ, ಬಸ್ಸಿನ ಹಾರ್ನು! ಕ್ಯಾಪ್ಟನ್‌ಗೇ ಹಾಗಾ ಅನ್ನೋದು?"

"ಅವರು ಕ್ಯಾಪ್ಟನ್ ಅಂತ ನನಗೇನು ಕನಸು ಬಿದ್ದಿತ್ತಾ? ತಲೆ ಮೇಲೆ ಟೋಪಿ ಇರಲಿಲ್ಲ. ತಿಂಡಿ ಹೊತ್ತಲ್ಲಿ ತಟ್ಟೆ ಹಿಡ್ಕೊಂಡು ಬ್ರೆಡ್ಡಿನ ಮುಂದೆ ಕಂಬದ ಹಾಗೆ ನಿಂತುಬಿಟ್ಟಿದ್ದರು. ಹಿಂದೆ ಮಾರುದ್ದ ಸಾಲು!"

"ಅದಕ್ಕೆ 'ಇಳಿಯೋದಿದ್ರೆ ಇಳೀರಿ, ಇಲ್ಲಾಂದ್ರೆ ಮುಂದೆ ಹೋಗಿ' ಅಂತ ಹೆಗಲು ಹಿಡಿದು ತಳ್ಳೋದಾ? ಇಡೀ ಹಡಗು ಅವರ ಕೈಯಲ್ಲಿದೆ. ಎಲ್ಲಿಗೆ ಇಳೀಬೇಕಿತ್ತು ಅವರು, ಸಮುದ್ರಕ್ಕಾ?"

"ಅಭ್ಯಾಸ ಕಣೇ..."

"ನಿಮ್ಮ ಅಭ್ಯಾಸಕ್ಕಿಷ್ಟು ಬೆಂಕಿ ಹಾಕ! ಕೇಳಿ ಇಲ್ಲಿ. ಇವತ್ತು ಮ್ಯೂಸಿಯಂ ನೋಡಿ ಹಡಗಿಗೆ ವಾಪಸ್ ಬರೋವರೆಗೆ ಯಾರ ಜೊತೆಗಾದ್ರೂ ಜಗಳ ತೆಗೆದ್ರೆ, ಈ ಪೆಟ್ಟಿಗೆ ಎತ್ಕೊಂಡು ಅಕ್ಕನ ಕೋಣೆಗೆ ಹೋಗ್ತೀನಿ. ಆಮೇಲೆ ಈ ಗೋಡೆ ಜೊತೆ ಎಷ್ಟು ಬೇಕಾದ್ರೂ ಕೂಗಾಡ್ಕೊಂಡಿರಿ."

ಹೆಂಡತಿ ಬಚ್ಚಲಿಗೆ ಹೋಗಿ ಬಾಗಿಲು ಬಡಿದುಕೊಂಡಳು. ಕಂಡಕ್ಟರ್ ಮಂಚದ ತುದಿಯಲ್ಲಿ ಕೂತ. ಹಡಗಿನ ಕೋಣೆ ಎಷ್ಟು ಇಕ್ಕಟ್ಟಾಗಿತ್ತೆಂದರೆ, ಒಬ್ಬರು ಸಿಟ್ಟು ಮಾಡಿಕೊಂಡರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು.

ಅವನು ಸಿಟಿ ಬಸ್ಸಿನ ಕಂಡಕ್ಟರ್. ತಲೆಗೂದಲು ಕಪ್ಪಗಿದ್ದಾಗ ಬಸ್ಸು ಹತ್ತಿದವನು, ಈಗ ಕೂದಲೂ ಇಲ್ಲ, ಮೆತ್ತಗೆ ಮಾತಾಡುವುದೂ ಮರೆತುಹೋಗಿದೆ. ಅದು ಅವನಿಗೇ ಗೊತ್ತಿತ್ತು. ಕನ್ನಡಿಯಲ್ಲಿ ಅಡ್ಡ ನಿಂತ ತನ್ನನ್ನೇ ಕಂಡರೂ 'ಸ್ವಲ್ಪ ಸರೀರಿ' ಅನ್ನುವ ಗಿರಾಕಿ ತಾನು ಎಂದು ಅವನೇ ಗೆಳೆಯರೆದುರು ಹೇಳಿ ನಗುತ್ತಿದ್ದ.

ಆದರೆ ಇವತ್ತು ನಗು ಬರಲಿಲ್ಲ. ಅಕ್ಕ ಭಾವ ಹೊರಟರೆಂದು ಹೆಂಡತಿ ಹೊರಟಿದ್ದಳು, ಹೆಂಡತಿ ಹೊರಟಳೆಂದು ಇವನು ಹೊರಟಿದ್ದ. ಮದುವೆಯಾದ ಮೇಲೆ ಇಬ್ಬರೂ ಜೊತೆಯಾಗಿ ಮಾಡಿದ ಮೊದಲ ಪ್ರಯಾಣ. ನಿನ್ನೆ ಸಂಜೆ ಹಡಗಿನ ಕಟಕಟೆ ಹಿಡಿದು ನಿಂತಿದ್ದಾಗ ಅವಳು ಮೆಲ್ಲಗೆ ಅವನ ತೋಳಿಗೆ ಒರಗಿದ್ದಳು. ಒರಗಿದ್ದು ಹಡಗು ವಾಲಿದ್ದಕ್ಕೋ ಪ್ರೀತಿಗೋ ಅವನಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಇವತ್ತು ಸಂಜೆಯೂ ಅವಳು ಹಾಗೆ ಒರಗಬೇಕು. ಅಷ್ಟಕ್ಕಾಗಿ ಒಂದು ದಿನ ಬಾಯಿ ಹೊಲಿದುಕೊಂಡಿರಲು ಅವನು ತಯಾರಾದ.

ಬಂದರಿನಿಂದ ಮ್ಯೂಸಿಯಂವರೆಗೆ ಬಸ್ಸು. ಬಸ್ಸಿನಲ್ಲಿ ಬಾಗಿಲ ಹತ್ತಿರವೇ ಜನ ಗುಂಪುಗಟ್ಟಿ ನಿಂತರು. ಹಿಂದೆ ಅರ್ಧ ಬಸ್ಸು ಖಾಲಿ. ಕಂಡಕ್ಟರನಿಗೆ ಅದನ್ನು ನೋಡಲಾಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡ.

"ಏನು ಕಂಡಕ್ಟ್ರೇ, ಹುಷಾರಿಲ್ವಾ?" ಪಕ್ಕದಲ್ಲಿ ಕೂತಿದ್ದ ಷಡ್ಡಕ ಕೇಳಿದ. ಹೆಂಡತಿಯ ಅಕ್ಕನ ಗಂಡ. ಬ್ಯಾಂಕಿನಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತು ನಿವೃತ್ತನಾದವನು. ಅಲ್ಲಿ ಕೈಕೆಳಗಿನವರಿಗೆ ಮಾಡುತ್ತಿದ್ದ ಭಾಷಣವನ್ನು ಈಗ ಸಿಕ್ಕಿದವರಿಗೆಲ್ಲ ಮಾಡುತ್ತಿದ್ದ.

"ಚೆನ್ನಾಗಿದ್ದೀನಿ ಭಾವ."

"ಮ್ಯೂಸಿಯಂ ಅಂದ್ರೆ ಸುಮ್ಮನೆ ಸುತ್ತಿ ಬರೋದಲ್ಲ. ತಿಳ್ಕೊಂಡು ನೋಡ್ಬೇಕು. ನಾನು ಹೇಳ್ತೀನಿ, ನನ್ನ ಹಿಂದೇನೇ ಇರಿ."

ಬೇರೆ ದಿನವಾಗಿದ್ದರೆ ಇಷ್ಟು ಸಾಕಿತ್ತು. ಕಂಡಕ್ಟರ್ "ಆಗಲಿ ಭಾವ" ಎಂದ. ಮುಂದಿನ ಸೀಟಿನಲ್ಲಿದ್ದ ಹೆಂಡತಿ ತಿರುಗಿ ನೋಡಿ, ಕಂಡೂ ಕಾಣದಷ್ಟು ನಕ್ಕಳು. ಅವನ ಎದೆ ಉಬ್ಬಿತು.

ಮ್ಯೂಸಿಯಂ ಒಳಗೆ ತಣ್ಣಗಿತ್ತು. ಮೊದಲ ಕೋಣೆಯಲ್ಲಿ ಮೂಗು ಹೋದ ಕಲ್ಲಿನ ಗಂಡಸರು, ಎರಡನೆಯದರಲ್ಲಿ ತಲೆಯೇ ಹೋದವರು. ತಲೆ ಇಲ್ಲದ ಒಬ್ಬ ಮನುಷ್ಯನ ಮುಂದೆ ಕಂಡಕ್ಟರ್ ಬಹಳ ಹೊತ್ತು ನಿಂತ. ತಲೆ ಇಲ್ಲ ಅಂದ ಮೇಲೆ ಬಾಯಿಯೂ ಇಲ್ಲ. ಇವನ ಹೆಂಡತಿ ಎಷ್ಟು ನೆಮ್ಮದಿಯಾಗಿದ್ದಳೋ ಅಂದುಕೊಂಡ.

ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು, "ಶೌಚಾಲಯ ಎಲ್ಲಪ್ಪಾ?" ಎಂದಳು. ಅವನು ಬಾಣದ ಗುರುತು ನೋಡಿ ದಾರಿ ತೋರಿಸಿದ. ಅವಳ ಬೆನ್ನಿಗೇ ಒಬ್ಬ ಗಂಡಸು, "ಇಲ್ಲಿ ಫೋಟೋ ತೆಗೀಬಹುದಾ ಸಾರ್?" ಎಂದ. ಇದೇನು, ಎಲ್ಲರೂ ನನ್ನನ್ನೇ ಕೇಳುತ್ತಾರಲ್ಲ ಎಂದು ಸುತ್ತ ನೋಡಿದಾಗ, ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಕಾವಲುಗಾರ ಕಂಡ. ಬೂದಿ ಬಣ್ಣದ ಪ್ಯಾಂಟು, ಬೂದಿ ಬಣ್ಣದ ನಾಲ್ಕು ಜೇಬಿನ ಅಂಗಿ. ಕಂಡಕ್ಟರ್ ಬಗ್ಗಿ ತನ್ನ ಬಟ್ಟೆ ನೋಡಿಕೊಂಡ. ಅದೇ ಬೂದಿ, ಅದೇ ನಾಲ್ಕು ಜೇಬು. ಪ್ರಯಾಣಕ್ಕೆಂದು ಹೊಸದಾಗಿ ಹೊಲಿಸಿದ್ದು. ಜೇಬು ಕಮ್ಮಿ ಇರುವ ಅಂಗಿ ಹಾಕಿದರೆ ಅವನಿಗೆ ಮೈಮೇಲೆ ಬಟ್ಟೆಯೇ ಇಲ್ಲದಂತೆ ಆಗುತ್ತಿತ್ತು.

ಕಾವಲುಗಾರ ನಿದ್ದೆಗಣ್ಣಿನಲ್ಲೇ ನಕ್ಕ. "ಹೊಸಬರಾ? ನಿಂತ್ಕೊಂಡೇ ಇರಿ. ಕೂತ್ರೆ ನಿದ್ದೆ ಬರುತ್ತೆ."

"ಅಯ್ಯೋ, ನಾನು ನೋಡೋಕೆ ಬಂದವನಪ್ಪ."

"ನಾನೂ ಹಾಗೇ ಅಂದ್ಕೊಂಡು ಸೇರಿದ್ದು," ಎಂದು ಅವನು ಮತ್ತೆ ಕಣ್ಣು ಮುಚ್ಚಿದ.

ಮ್ಯೂಸಿಯಂನ ದೊಡ್ಡ ಹೆಸರೆಲ್ಲ ಇದ್ದದ್ದು ಕೊನೆಯ ಸಣ್ಣ ಕೋಣೆಯ ಮೇಲೆ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಯಾವುದೋ ರಾಣಿಯ ಗೋರಿಯಲ್ಲಿ ಸಿಕ್ಕ ಚಿನ್ನದ ಓಲೆಗಳು. ಹಡಗಿನವರೆಲ್ಲ ಬಂದದ್ದೇ ಅದಕ್ಕೆ. ಬಂದರಿಗೆ ಹೋಗುವ ಬಸ್ಸು ಹೊರಡುವ ಹೊತ್ತಾಗುತ್ತಿತ್ತು, ಎಲ್ಲರಿಗೂ ಅವಸರ. ಮುಂದಿದ್ದವರು ಬಾಗಿಲಲ್ಲೇ ನಿಂತು ಕತ್ತು ಚಾಚುತ್ತಿದ್ದರು, ಹಿಂದಿದ್ದವರು ಅವರ ಬೆನ್ನು ನೋಡುತ್ತಿದ್ದರು. ಸದ್ದಿಗೆ ಎದ್ದು ಬಂದ ಕಾವಲುಗಾರ, ನೆಗಡಿಯಾದ ಕೋಳಿಯ ದನಿಯಲ್ಲಿ "ನಿಧಾನ... ದಯವಿಟ್ಟು ನಿಧಾನ..." ಎನ್ನುತ್ತಿದ್ದ. ಅವನ ಮಾತು ಅವನ ಅಂಗಿಯ ಗುಂಡಿ ದಾಟುತ್ತಿರಲಿಲ್ಲ.

ಕಂಡಕ್ಟರ್ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈಯನ್ನು ಜೇಬಿನೊಳಗೆ ತುರುಕಿ ನಿಂತಿದ್ದ. ಅಂಗೈ ಕೆರೆಯುತ್ತಿತ್ತು. ಗಂಟಲು ಕೆರೆಯುತ್ತಿತ್ತು. ಒಳಗೆ ಜಾಗ ಇರುವುದು ಅವನಿಗೆ ಇಲ್ಲಿಂದಲೇ ಕಾಣುತ್ತಿತ್ತು!

"ರೀ," ಗುಂಪಿನ ಬಾಲದಿಂದ ಹೆಂಡತಿ ಕರೆದಳು. "ಇಷ್ಟು ದೂರ ಬಂದು ಆ ಓಲೆ ನೋಡದೆ ಹೋಗೋದಾ? ಏನಾದ್ರೂ ಮಾಡ್ರೀ. ಜಗಳ ಮಾತ್ರ ಬೇಡ."

ಕಟ್ಟಿದ ಎತ್ತಿನ ಹಗ್ಗ ಬಿಚ್ಚಿದಂತಾಯಿತು. ಇದು ಜಗಳವಲ್ಲ, ಕೆಲಸ. ಕಂಡಕ್ಟರ್ ಜೇಬಿನಿಂದ ಕೈ ತೆಗೆದ.

"ಒಳಗೆ ಜಾಗ ಇದೆ, ಮುಂದೆ ನಡೀರಿ! ಬಾಗಿಲಲ್ಲಿ ನಿಲ್ಲಬೇಡಿ! ಬ್ಯಾಗು ಕಾಲ ಹತ್ರ ಇಟ್ಕೊಳ್ಳಿ! ಯಜಮಾನ್ರೇ, ಸ್ವಲ್ಪ ಓರೆಯಾಗಿ ನಿಲ್ಲಿ, ಇನ್ನೊಬ್ಬರು ಹಿಡಿಸ್ತಾರೆ! ಅಮ್ಮಾ, ಕೈ ಮೇಲೆ ಮಾಡಿ! ಮುಂದೆ, ಮುಂದೆ!"

ಬೂದಿ ಬಟ್ಟೆ, ಆ ದನಿ. ಜನ ಅವನು ಹೇಳಿದಂತೆ ಕೇಳಿದರು. ಬಾಗಿಲ ಪಕ್ಕದಲ್ಲಿ 'ಒಮ್ಮೆಗೆ ಹತ್ತು ಜನ ಮಾತ್ರ' ಎಂದು ಬರೆದಿತ್ತು. ಕಂಡಕ್ಟರ್ ಅದನ್ನು ಓದದೆ ಇರಲಿಲ್ಲ. ಅಂಥ ಬರಹ ಅವನ ಬಸ್ಸಿನಲ್ಲೂ ಇತ್ತು. ಅದನ್ನು ಓದಿ ಯಾರಾದರೂ ಕೆಳಗಿಳಿದದ್ದನ್ನು ಅವನು ಈವರೆಗೆ ನೋಡಿರಲಿಲ್ಲ. ಇಡೀ ಹಡಗಿನ ಗುಂಪನ್ನು, ಜೊತೆಗೆ ಶೌಚಾಲಯ ಹುಡುಕುತ್ತಿದ್ದ ಅಜ್ಜಿಯನ್ನೂ ಒಳಗೆ ಹಿಡಿಸಿದ. ಹೆಂಡತಿ ಹೋದಳು, ಅವಳ ಅಕ್ಕ ಹೋದಳು. "ನನಗೆ ನೂಕೋದು ಇಷ್ಟ ಇಲ್ಲ" ಎನ್ನುತ್ತಾ ಷಡ್ಡಕನೂ ಅವರನ್ನು ದಾಟಿ ಮುಂದಕ್ಕೆ ತೇಲಿಕೊಂಡು ಹೋದ. ಕೊನೆಗೆ ಕಂಡಕ್ಟರ್ ಬಾಗಿಲ ಚೌಕಟ್ಟಿಗೆ ಎರಡೇಟು ಬಡಿದು, "ರೈಟ್!" ಎಂದ.

ಒಳಗೆ ಷಡ್ಡಕನ ಮೂಗು ಗಾಜಿಗೆ ಅಂಟಿತು.

ಸೈರನ್ನು ಹುಚ್ಚು ಹಿಡಿದಂತೆ ಕಿರುಚಿಕೊಂಡಿತು. ಬಾಗಿಲ ಮೇಲಿನಿಂದ ಕಬ್ಬಿಣದ ಜಾಲರಿ ತಾನಾಗಿ ಸರಸರ ಇಳಿದು ನೆಲಕ್ಕೆ ಕೂತಿತು. ಅಷ್ಟು ಜನವೂ ರಾಣಿಯ ಓಲೆಯ ಜೊತೆ ಒಳಗೆ ಸಿಕ್ಕಿಬಿದ್ದರು. ಹೊರಗೆ ಉಳಿದದ್ದು ಇಬ್ಬರು ಬೂದಿ ಬಟ್ಟೆಯವರು.

"ಇಷ್ಟು ದಿನದಲ್ಲಿ ಇದು ಇಳಿದದ್ದು ಇದೇ ಮೊದಲು," ಎಂದು ಕಾವಲುಗಾರ ಜಾಲರಿಯನ್ನು ಮೆಚ್ಚುಗೆಯಿಂದ ನೋಡಿದ.

ಬೀಗದ ಕೈ ಗೊಂಚಲು ಝಣಝಣ ಎನ್ನಿಸುತ್ತಾ ಮ್ಯೂಸಿಯಂನ ಮೇಡಂ ಓಡಿಬಂದರು. "ಯಾರು ಇದನ್ನ ಮಾಡಿದ್ದು?"

ಕಾವಲುಗಾರ ಸುಮ್ಮನೆ ಕಂಡಕ್ಟರನತ್ತ ಗಲ್ಲ ಎತ್ತಿ ತೋರಿಸಿದ. "ಹೊಸಬರು ಮೇಡಂ."

ಮೇಡಂ ಉಸಿರು ಎಳೆದುಕೊಂಡು ಶುರು ಮಾಡಿದರು. ಕಂಡಕ್ಟರ್ ತನ್ನ ಜೀವಮಾನದಲ್ಲಿ ಬಹಳ ಬೈಗುಳ ಕೇಳಿದ್ದ, ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟಿದ್ದ. ಇಷ್ಟು ಅಚ್ಚುಕಟ್ಟಾದ್ದನ್ನು ಕೇಳಿರಲಿಲ್ಲ. ಕಣ್ಣು ಕಾಣಲ್ವಾ, ಓದೋಕೆ ಬರಲ್ವಾ, ದನ ಕಾಯೋಕೆ ಹೋಗು, ದನವೂ ನಿನ್ನನ್ನ ಬಿಟ್ಟು ಓಡಿಹೋದಾವು ಎಂದು ಮೆಟ್ಟಲು ಮೆಟ್ಟಲಾಗಿ ಏರಿಸಿದರು. ಜಾಲರಿಯ ಸಂದಿಯಿಂದ ಇಡೀ ಹಡಗು ನೋಡುತ್ತಿತ್ತು. ಎಲ್ಲಕ್ಕಿಂತ ಮುಂದೆ, ಜಾಲರಿಗೆ ಕೆನ್ನೆ ಒತ್ತಿಕೊಂಡು, ಹೆಂಡತಿ. ಅವಳು ಕಣ್ಣು ಅಗಲಿಸಿ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಅವರ ಮನೆಯಲ್ಲಿ ಆ ನೋಟಕ್ಕೆ 'ಬಾಯಿ ಮುಚ್ಚು' ಎನ್ನುವುದೊಂದೇ ಅರ್ಥ.

ಗಂಟಲಿಗೆ ಬಂದ ಉತ್ತರಗಳನ್ನು ಕಂಡಕ್ಟರ್ ಒಂದೊಂದಾಗಿ ನುಂಗಿದ. ಸಂಜೆ, ಕಟಕಟೆ, ತೋಳು ಎಂದು ಮನಸ್ಸಿನಲ್ಲೇ ಜಪ ಮಾಡಿದ.

"ನಿನ್ನಂಥವನನ್ನ ಕಟ್ಕೊಂಡವಳು ಹೇಗೆ ಬಾಳ್ತಾಳೋ, ಪಾಪ!" ಎಂದು ಮೇಡಂ ಮುಗಿಸಿದರು.

ಕಂಡಕ್ಟರನಿಗೆ ಅದು ಮಾತ್ರ ಬೈಗುಳ ಅನ್ನಿಸಲಿಲ್ಲ. ತಾನೇ ಎಷ್ಟೋ ಸಲ ಅಂದುಕೊಂಡದ್ದು. ತಲೆ ತಗ್ಗಿಸಿ, ಬಹಳ ವಿನಯದಿಂದ, "ನೀವು ಹೇಳೋದು ನಿಜ ಮೇಡಂ. ಅವಳಿಗೆ ಬಹಳ ಕಷ್ಟ," ಎಂದ.

ಜಾಲರಿ ಮೇಲೆದ್ದಿತು. ಜನ ಒಬ್ಬೊಬ್ಬರಾಗಿ ಹೊರಬಿದ್ದರು. ಷಡ್ಡಕನ ಮೂಗು ಕೆಂಪಗಿತ್ತು. ಹೆಂಡತಿ ಅವನ ಮುಖವನ್ನೂ ನೋಡದೆ ನೇರ ಬಸ್ಸಿಗೆ ಹೋಗಿ ಅಕ್ಕನ ಪಕ್ಕ ಕೂತಳು. ನಾನು ಗೆದ್ದದ್ದು ನೋಡಿ ಅವಳಿಗೆ ಮಾತೇ ಹೊರಡುತ್ತಿಲ್ಲ ಎಂದು ಕಂಡಕ್ಟರ್ ಖುಷಿಪಟ್ಟ. ಹಡಗು ಹತ್ತುವಾಗ ಮುಖ ಒರೆಸಿಕೊಂಡು ಅಂಗಿ ಸರಿಮಾಡಿಕೊಂಡ.

ಕೋಣೆಗೆ ಬಂದು ನೋಡಿದರೆ ಅವಳು ಪೆಟ್ಟಿಗೆಗೆ ಸೀರೆ ತುಂಬುತ್ತಿದ್ದಳು.

"ಏನಿದು? ನಾನು ಜಗಳ ಆಡಲೇ ಇಲ್ಲವಲ್ಲೇ! ಅವರು ಅಷ್ಟು ಬೈದ್ರೂ ತುಟಿ ಪಿಟಕ್ ಅನ್ನಲಿಲ್ಲ!"

"ಅದಕ್ಕೇ."

"ಅದಕ್ಕೇ ಅಂದ್ರೆ?"

"ಅಷ್ಟು ಜನರ ಮುಂದೆ ಯಾವಳೋ ಒಬ್ಬಳು ನನ್ನ ಗಂಡನಿಗೆ ದನಕ್ಕೆ ಬೈದ ಹಾಗೆ ಬೈತಾಳೆ. ಬಾಯಿ ಬಿಡಿ, ಬಾಯಿ ಬಿಡಿ ಅಂತ ನಾನು ಒಳಗಿಂದ ಕಣ್ಣು ಕಿತ್ತು ಬೀಳೋ ಹಾಗೆ ನೋಡ್ತಿದ್ದೀನಿ. ಇವರು ಕೋಲೆಬಸವನ ಹಾಗೆ ತಲೆ ಆಡಿಸ್ತಾರೆ! ಊರಿಗೆಲ್ಲ ಕೇಳೋ ಹಾರ್ನು ಆಗ ಎಲ್ಲಿ ಹೋಗಿತ್ತು?"

"ನೀನೇ ತಾನೇ ಬೆಳಿಗ್ಗೆ..."

"ಇನ್ನೂ ಹೇಳ್ತೀನಿ ಕೇಳಿ. ನಾನು ಬಾಳೋದು ಕಷ್ಟ ಅಂತ ಅವಳ ಹತ್ರ ಒಪ್ಕೊಂಡ್ರಲ್ಲ, ನಾನು ಯಾವತ್ತಾದ್ರೂ ಹೇಳಿದ್ದೀನಾ ಹೊರಗಿನವರ ಹತ್ರ? ನಿಮಗೆ ಬೈಯೋಕೆ ನಾನಿಲ್ವಾ? ನನ್ನ ಕೆಲಸ ಅವಳಿಗೆ ಯಾಕ್ರೀ ಕೊಟ್ರಿ?" ಪೆಟ್ಟಿಗೆಯ ಮುಚ್ಚಳವನ್ನು ಮಂಡಿಯಿಂದ ಒತ್ತಿ ಮುಚ್ಚಿದಳು. "ಓಲೆಯೂ ಕಾಣಲಿಲ್ಲ. ಭಾವನ ಬೋಳುತಲೆ ನೋಡಿ ಬಂದೆ."

ಪೆಟ್ಟಿಗೆ ಎಳೆದುಕೊಂಡು ಹೊರಟೇಹೋದಳು.

ಕಂಡಕ್ಟರ್ ಬಾಗಿಲು ತೆರೆದೇ ಇಟ್ಟು ಕೂತ. ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಹೆಜ್ಜೆ ಸಪ್ಪಳ ಕೇಳಿಸಿತು. ಎದ್ದು ಅವಳ ಹಾಸಿಗೆಯ ಸುಕ್ಕು ತೀಡಿದ.

ಬಂದದ್ದು ಷಡ್ಡಕ. ಕಂಕುಳಲ್ಲಿ ದಿಂಬು.

"ಅಕ್ಕ ತಂಗಿ ಸೇರಿ ನನ್ನನ್ನ ಹೊರಗೆ ಹಾಕಿದ್ರು ಕಂಡಕ್ಟ್ರೇ. ಇನ್ನು ಪ್ರಯಾಣ ಮುಗಿಯೋವರೆಗೆ ನಾನೂ ನೀವೂ." ಹಾಸಿಗೆಯ ಮೇಲೆ ಕಾಲು ಚಾಚಿ ತಲೆಯಡಿ ಕೈ ಕೊಟ್ಟು ಮಲಗಿದ. "ಒಳ್ಳೇದೇ ಆಯ್ತು. ನಾಳೆ ಬರೋ ಬಂದರಲ್ಲಿ ಇದಕ್ಕಿಂತ ದೊಡ್ಡ ಮ್ಯೂಸಿಯಂ ಇದೆ. ಮೊದಲೇ ಸ್ವಲ್ಪ ಹೇಳಿಬಿಡ್ತೀನಿ, ನಿಮಗೆ ಅನುಕೂಲ ಆಗುತ್ತೆ. ಶುರುವಿಂದ ಬರೋಣ. ಮನುಷ್ಯ ಮೊದಲು ಗುಹೆಯಲ್ಲಿದ್ದ..."

ದಿನವಿಡೀ ನುಂಗಿದ್ದೆಲ್ಲ ಒಟ್ಟಿಗೆ ಕಂಡಕ್ಟರನ ಗಂಟಲಿಗೆ ನುಗ್ಗಿತು. ಬಾಯಿ ತೆರೆದ. ಒಂದಕ್ಕೊಂದು ಅಡ್ಡ ನಿಂತು ಯಾವುದೂ ಆಚೆ ಬರಲಿಲ್ಲ. ಹೊದಿಕೆ ಎಳೆದು ಹೆಗಲಿಗೆ ಹಾಕಿಕೊಂಡು, ಹೊರಗೆ ಕಟಕಟೆಯ ಬಳಿ ಮಲಗಲು ನಡೆದ.

ಕಣ್ಣು ಮುಚ್ಚಿ ಮಲಗಿದ್ದ ಷಡ್ಡಕ ಗುಹೆಯಿಂದ ಹೊರಟು, ಬೆಂಕಿ ಕಂಡುಹಿಡಿದು, ಕಲ್ಲಿನ ಕೊಡಲಿಯವರೆಗೂ ಬಂದ. ಕಂಡಕ್ಟರ್ ಮಾತ್ರ ಆ ಕೋಣೆಗೆ ಮತ್ತೆ ಬರಲಿಲ್ಲ.